ಹೊಳೆಯಲ್ಲಿ ಲೂರ್: ಮೊದಲು ಆಳ, ಕೊನೆಗೆ ಬಣ್ಣ

ಬೆಂಗಳೂರಿನಿಂದ ಮಹಶೀರ್ ಎಂಬ ದೊಡ್ಡ ಹೊಳೆಮೀನಿನ ಆಸೆಗೆ ಹೊರಡುವವರ ಪೆಟ್ಟಿಗೆ ತೆರೆದರೆ ಸಾಮಾನ್ಯವಾಗಿ ಕಾಣುವುದು ಒಂದೇ ತೂಕದ, ಹತ್ತಾರು ಬಣ್ಣದ ಕೃತಕ ಎರೆಗಳು, ಅಂದರೆ ಲೂರ್‌ಗಳು. ಬೇಕಿರುವುದು ಅದರ ತಿರುವುಮುರುವು: ಎರಡು ಮೂರು ಬಣ್ಣ, ಐದಾರು ತೂಕ. ಹರಿಯುವ ನೀರಿನಲ್ಲಿ ಮೀನು ಕಚ್ಚದಿದ್ದರೆ ಮೊದಲು ಆಳ ಬದಲಿಸಬೇಕು, ಆಮೇಲೆ ವೇಗ, ಆಮೇಲೆ ಗಾತ್ರ. ಇವು ಮೂರೂ ಮುಗಿದ ಮೇಲೆ ಬಣ್ಣ.

ಜಾಗದ ವಿಷಯ ಮೊದಲೇ ಹೇಳಿಬಿಡಬೇಕು. ಗಾಳಿಬೋರೆ, ಭೀಮೇಶ್ವರಿ, ದೊಡ್ಡಮಾಕಳಿಯ ಹಳೆಯ ಗಾಳದ ಕಥೆಗಳನ್ನು ಓದಿ ಅಲ್ಲಿಗೆ ರಾಡ್ ಹೊತ್ತುಕೊಂಡು ಹೋಗಬೇಡಿ. ಅದು ಕಾವೇರಿ ವನ್ಯಜೀವಿಧಾಮ. ರಾಮನಾಥಪುರ, ಶೃಂಗೇರಿ, ಶಿಶಿಲದ ದೇವರ ಮೀನುಗಳ ತಂಟೆಯೂ ಬೇಡ. ಲಿಖಿತ ಪರವಾನಗಿ ಸಿಗುವ ಕಡೆ ಮಾತ್ರ, ಹಿಡಿದು ಬಿಡುವ ಷರತ್ತಿನ ಮೇಲೆ ಮಾತ್ರ. ಕಾವೇರಿಯ ಗೂನುಬೆನ್ನಿನ ಮಹಶೀರ್ 2018ರಿಂದ ಐಯುಸಿಎನ್ (ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ) ಪಟ್ಟಿಯಲ್ಲಿ ಅಳಿವಿನ ಅಂಚಿನ ಜೀವಿ. ಕೆಳಗೆ ಹೇಳುವ ಕೊಕ್ಕೆಯ ಮಾತು ಅದಕ್ಕಾಗಿಯೂ ಹೌದು.

ಅಮೆರಿಕದ ಒರೆಗಾನ್, ವಾಷಿಂಗ್ಟನ್ ಕಡೆ ಸ್ಟೀಲ್‌ಹೆಡ್ ಹಿಡಿಯುವವರ ಒಂದು ವಿದ್ಯೆ ನಮ್ಮ ಹೊಳೆಗೂ ಒಗ್ಗುತ್ತದೆ. ಸ್ಟೀಲ್‌ಹೆಡ್ ಅಂದರೆ ಕಡಲಿಗೆ ಹೋಗಿ ಬೆಳೆದು, ಮೊಟ್ಟೆಯಿಡಲು ಹೊಳೆಗೆ ಮರಳುವ ರೇನ್‌ಬೋ ಟ್ರೌಟ್. ಅವರು ಸ್ಪೂನನ್ನು (ಚಮಚದಂತೆ ಬಾಗಿದ ತಗಡಿನ ಲೂರ್) ಎಳೆಯುವುದಕ್ಕಿಂತ ಹೆಚ್ಚಾಗಿ ಸೆಳವಿಗೆ ಒಪ್ಪಿಸುತ್ತಾರೆ. ಎದುರು ದಡಕ್ಕೆ ನೇರವಾಗಿ ಅಲ್ಲ, ಕೊಂಚ ಕೆಳಕ್ಕೆ ಓರೆಯಾಗಿ ಎಸೆಯಿರಿ. ಬಿದ್ದೊಡನೆ ಮೂರೋ ನಾಲ್ಕೋ ಎಣಿಸುವಷ್ಟು ಹೊತ್ತು ಮುಳುಗಲು ಬಿಟ್ಟು ರೀಲಿನ ಬೇಲ್ (ದಾರ ಬಿಚ್ಚದಂತೆ ತಡೆಯುವ ತಂತಿ) ಮುಚ್ಚಿ. ದಾರ ಬಿಗಿಯಾದ ಮೇಲೆ ರೀಲ್ ಸುತ್ತದೆ, ರಾಡಿನ ತುದಿಯನ್ನು ಸ್ಪೂನಿನ ಜೊತೆಜೊತೆಗೆ ತಿರುಗಿಸುತ್ತ ಹೋಗಿ. ನೀರೇ ಅದನ್ನು ಬಿಲ್ಲಿನ ಆಕಾರದಲ್ಲಿ ನಿಮ್ಮ ದಡಕ್ಕೆ ತರುತ್ತದೆ. ತುದಿಯಲ್ಲಿ ನಿಧಾನವಾದ, ಒಂದೇ ಸಮನಾದ ಮಿಡಿತ ಇರಬೇಕು. ಮಿಡಿತ ನಿಂತರೆ ಸ್ಪೂನ್ ಸತ್ತಿದೆ, ಒಂದೆರಡು ಸುತ್ತು ಎಳೆದುಕೊಳ್ಳಿ. ಗಡಗಡ ನಡುಗಿದರೆ ಅದು ಗಿರಗಿರನೆ ಸುತ್ತುತ್ತಿದೆ, ರಾಡ್ ಮುಂದಕ್ಕೆ ಚಾಚಿ ಬಿಗಿ ಇಳಿಸಿ. ಕೊನೆಗೆ ಅದು ನಿಮ್ಮ ನೇರ ಕೆಳಗೆ ಬಂದು ನಿಂತಾಗ ಅವಸರಪಡಬೇಡಿ. ಹತ್ತು ಸೆಕೆಂಡ್ ಅಲ್ಲೇ ಆಡಲಿ. ಹಿಂಬಾಲಿಸಿ ಬಂದ ಮೀನು ಕಚ್ಚುವುದು ಎಷ್ಟೋ ಸಲ ಆಗಲೇ. ನಂತರ ಎರಡು ಹೆಜ್ಜೆ ಕೆಳಗೆ ಸರಿದು ಮತ್ತೆ ಎಸೆಯಿರಿ. ಹಾಗೆ ಮಾಡಿದರೆ ಇಡೀ ಪಾತ್ರವನ್ನು ಬಾಚಿದಂತಾಗುತ್ತದೆ.

ಪ್ರತಿ ಎಸೆತಕ್ಕೂ ಬಂಡೆಗೆ ಸಿಕ್ಕಿಕೊಳ್ಳುತ್ತಿದ್ದರೆ ಸ್ಪೂನ್ ಬದಲಿಸುವ ಮೊದಲು ಎಸೆತವನ್ನು ಇನ್ನಷ್ಟು ಕೆಳಕ್ಕೆ ತಿರುಗಿಸಿ ನೋಡಿ. ದಾರ ಬೇಗ ಬಿಗಿಯಾಗಿ ಸ್ಪೂನ್ ಮೇಲೇಳುತ್ತದೆ. ತಳ ಒಮ್ಮೆಯೂ ತಾಕದಿದ್ದರೆ ಮೇಲ್ಗಡೆಗೆ ಎಸೆಯಿರಿ. ಅದೂ ಸಾಲದಿದ್ದರೆ 18 ಗ್ರಾಂನಿಂದ 28ಕ್ಕೆ, ಮಡುವಿಗೆ ನೀರು ನುಗ್ಗುವ ತಲೆಯ ರಭಸದಲ್ಲಿ 40ಕ್ಕೆ ಹೋಗಿ. ತೂಕದಷ್ಟೇ ದಪ್ಪವೂ ಮುಖ್ಯ: ದಪ್ಪ ತಗಡಿನ ಕಿರಿದಾದ ಸ್ಪೂನ್ ಬೇಗ ಇಳಿಯುತ್ತದೆ, ಆದರೆ ಅಲ್ಲಾಡಲು ಸೆಳವು ಬೇಕು. ತೆಳು ತಗಡಿನದ್ದು ನಿಧಾನ ನೀರಿನಲ್ಲೂ ಕುಣಿಯುತ್ತದೆ, ಜೋರು ನೀರಿನಲ್ಲಿ ಮೇಲಕ್ಕೆ ತೇಲಿಬಿಡುತ್ತದೆ.

ಇಲ್ಲಿ ಅಮೆರಿಕದ ಪುಸ್ತಕ ಬದಿಗಿಡಬೇಕಾದ ಎರಡು ಸಂಗತಿ ಇವೆ. ಚಳಿಗಾಲದ ಕೊರೆಯುವ ನೀರಿನಲ್ಲಿ ಸ್ಟೀಲ್‌ಹೆಡ್ ಜಡವಾಗಿರುವುದರಿಂದ ಅವರು ಅಷ್ಟು ನಿಧಾನ. ನಮ್ಮ ಬೆಚ್ಚಗಿನ ನೀರಿನಲ್ಲಿ ಮಹಶೀರ್ ಬೆನ್ನಟ್ಟಿ ಬರುತ್ತದೆ. ನಿಧಾನದ ಆಟ ಫಲಿಸದಿದ್ದರೆ ರೀಲ್ ಸುತ್ತಿ ವೇಗ ಏರಿಸಿ ನೋಡುವುದರಲ್ಲಿ ತಪ್ಪಿಲ್ಲ. ಎರಡನೆಯದು, ಅವರಂತೆ ಸೊಂಟದವರೆಗೆ ನೀರಿಗಿಳಿಯುವುದು ಬೇಡ. ಕಾವೇರಿಯಲ್ಲಿ ಮೊಸಳೆಗಳಿವೆ. ಮೇಲಿನ ಅಣೆಕಟ್ಟಿನಿಂದ ಯಾವಾಗ ನೀರು ಬಿಡುತ್ತಾರೆಂಬ ನಂಬಿಕೆಯೂ ಇಲ್ಲ. ಕೆಆರ್‌ಎಸ್ ಮಟ್ಟವನ್ನು ಓದುವವರು ಅದರ ಪಕ್ಕದ ಹೊರಹರಿವಿನ ಕ್ಯೂಸೆಕ್ ಅಂಕಿಯನ್ನೂ ಓದುವುದು ಒಳ್ಳೆಯದು. ಅಣೆಕಟ್ಟಿನ ಕೆಳಗೆ ಗಾಳ ಹಾಕುವವರಿಗೆ ಬೇಕಾದದ್ದು 124.80 ಅಡಿ ತುಂಬಿತೋ ಇಲ್ಲವೋ ಅನ್ನುವುದಲ್ಲ, ಹೊರಗೆ ಬರುತ್ತಿರುವುದೆಷ್ಟು ಅನ್ನುವುದು.

ಸ್ಪಿನ್ನರ್ (ತಗಡಿನ ರೆಕ್ಕೆ ಗಿರಗಿರ ತಿರುಗುವ ಲೂರ್) ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಡುವಿನಿಂದ ನೀರು ಹೊರಡುವ ಬಾಲದ ತೆಳು ನೀರಿಗೆ 4 ಅಥವಾ 5ನೇ ನಂಬರ್ ಗಾತ್ರದ್ದು ಸಾಕು. ಸ್ವಿವೆಲ್ (ತಿರುಗುವ ಕೊಂಡಿ) ಹಾಕದಿದ್ದರೆ ದಾರ ಹುರಿಗೊಳ್ಳುತ್ತದೆ.

ಪ್ಲಗ್ (ಮುಂದೆ ತುಟಿಯಿರುವ ಮೀನಿನಾಕಾರದ ಲೂರ್) ಮಾತ್ರ ತಾಳ್ಮೆ ಕೇಳುತ್ತದೆ. ಹರಿಗೋಲು ಸಿಗುವ, ಅನುಮತಿಯೂ ಇರುವ ಕಡೆ ಪ್ಲಗ್ಗನ್ನು 15 ಮೀಟರ್‌ನಷ್ಟು ಕೆಳಗೆ ಬಿಟ್ಟು, ಅಂಬಿಗ ಹುಟ್ಟು ಹಾಕಿ ಹರಿಗೋಲನ್ನು ತಡೆಯುತ್ತ ಸೆಳವಿಗಿಂತ ನಿಧಾನ ಇಳಿಸಬೇಕು. ಆಗ ನೀರಿನ ಒತ್ತಡ ಪ್ಲಗ್ಗಿನ ತುಟಿಗೆ ತಾಕಿ ಅದು ಆಳಕ್ಕೆ ಮುಳುಗಿ, ಬಂಡೆಯ ಮರೆಯಲ್ಲಿ ನಿಂತ ಮೀನಿನ ಮೂತಿಯ ಹತ್ತಿರಕ್ಕೆ ಹಿಂದಕ್ಕೆ ಸರಿಯುತ್ತದೆ. ಲೈಫ್ ಜಾಕೆಟ್ ಇಲ್ಲದೆ ಹತ್ತಬೇಡಿ. ಪ್ಲಗ್ ಒಂದು ಪಕ್ಕಕ್ಕೆ ವಾಲಿ ಓಡಿದರೆ ಮುಂದಿನ ದಾರ ಕಟ್ಟುವ ಕಣ್ಣನ್ನು ಅದರ ವಿರುದ್ಧ ದಿಕ್ಕಿಗೆ ಕೂದಲೆಳೆಯಷ್ಟು ಬಾಗಿಸಿ. ಬಲಕ್ಕೆ ಓಡಿದರೆ ಎಡಕ್ಕೆ. ಈ ಪರೀಕ್ಷೆಯನ್ನು ಅಪಾರ್ಟ್‌ಮೆಂಟಿನ ಈಜುಕೊಳದಲ್ಲಿ ಯಾರೂ ಇಲ್ಲದ ಹೊತ್ತು ಮಾಡಿ ಮುಗಿಸಬಹುದು. ಕೊಕ್ಕೆ ಬಿಚ್ಚಿಡಬೇಡಿ, ತೂಕ ತಪ್ಪಿ ಆಟವೇ ಬದಲಾಗುತ್ತದೆ. ಮೊನೆ ಕತ್ತರಿಸಿದ ಹಳೆಯ ಕೊಕ್ಕೆ ಹಾಕಿ. (ಕಾವಲುಗಾರರಿಗೆ ಮೊದಲೇ ಹೇಳಿರಿ.)

ಅಂಗಡಿಯಿಂದ ಬಂದ ಲೂರನ್ನು ಹಾಗೆಯೇ ಕಟ್ಟುವುದು ದೊಡ್ಡ ಮೀನು ಕಳೆದುಕೊಳ್ಳುವ ಖಚಿತ ದಾರಿ. ಮಹಶೀರ್ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿವೆ; ಏಡಿ, ಚಿಪ್ಪುಗಳನ್ನು ಪುಡಿಗಟ್ಟುವ ಆ ಹಿಡಿತಕ್ಕೆ ತೆಳು ತಂತಿಯ ಮೂರು ಮುಳ್ಳಿನ ಟ್ರೆಬಲ್ ಕೊಕ್ಕೆ ಚಪ್ಪಟೆಯಾಗುತ್ತದೆ, ಕೊಕ್ಕೆ ಸಿಕ್ಕಿಸುವ ಸ್ಪ್ಲಿಟ್ ರಿಂಗ್ ಬಾಯಿ ಬಿಡುತ್ತದೆ. ಟ್ರೆಬಲ್ ತೆಗೆದು ದಪ್ಪ ತಂತಿಯ 1/0 ಅಥವಾ 2/0 ಅಳತೆಯ ಒಂಟಿ ಕೊಕ್ಕೆ ಹಾಕಿ, ಹಿಮ್ಮುಳ್ಳನ್ನು ಪಕ್ಕಡಿನಿಂದ ಒತ್ತಿ ಮಟ್ಟ ಮಾಡಿ. ರಿಂಗ್ 40 ಕಿಲೋ ತಡೆಯುವಂಥದ್ದಿರಲಿ. ಪ್ಲಗ್ಗಿಗಾದರೆ ಹಳೆಯ ಟ್ರೆಬಲ್, ಹೊಸ ಒಂಟಿ ಕೊಕ್ಕೆ ಎರಡನ್ನೂ ಚಿನ್ನ ತೂಗುವ ಪುಟ್ಟ ತಕ್ಕಡಿಯಲ್ಲಿ ತೂಗಿ ಸರಿದೂಗಿಸಿ.

ದಾರ 40 ಪೌಂಡ್ ತಡೆಯುವ ಬ್ರೇಡ್ (ಹೆಣೆದ ದಾರ). ಅದರ ಮುಂದೆ ಎರಡು ಮೀಟರ್‌ನಷ್ಟು 40 ಪೌಂಡ್ ಫ್ಲೋರೋಕಾರ್ಬನ್ ಲೀಡರ್ (ಸವೆತ ತಾಳುವ ತುದಿದಾರ), ಎಫ್‌ಜಿ ಎಂಬ ಗಂಟಿನಿಂದ ಜೋಡಿಸಿ. ನಮ್ಮ ಹೊಳೆಯ ಕಲ್ಲು ಬಿಗಿದ ಬ್ರೇಡನ್ನು ನಿಮಿಷದಲ್ಲಿ ಕತ್ತರಿಸುತ್ತದೆ. ಬಂಡೆ ತಾಕಿದಾಗಲೆಲ್ಲ ಲೀಡರ್ ಮೇಲೆ ಉಗುರು ಎಳೆದು ನೋಡಿ, ಒರಟು ಸಿಕ್ಕರೆ ಕತ್ತರಿಸಿ ಮತ್ತೆ ಕಟ್ಟಿ. ಡ್ರ್ಯಾಗನ್ನು (ರೀಲಿನಿಂದ ದಾರ ಹೊರಡುವುದನ್ನು ತಡೆಯುವ ಬಿಗಿ) ಅಂದಾಜಿಗೆ ಬಿಡದೆ ಕೈತಕ್ಕಡಿಗೆ ಕಟ್ಟಿ ನಾಲ್ಕೂವರೆ ಕಿಲೋಗೆ ಇಡಿ, ಅಂದರೆ ದಾರದ ಬಲದ ಕಾಲು ಭಾಗ. ಮೊದಲ ಓಟಕ್ಕೆ ಹೆದರಿ ಡ್ರ್ಯಾಗ್ ಬಿಗಿಯುವವರ ದಾರವೇ ಹೆಚ್ಚಾಗಿ ತುಂಡಾಗುವುದು. ಸ್ಪೂನ್ ಸೆಳವಿನಲ್ಲಿ ಬಿಲ್ಲಿನಂತೆ ಬರುತ್ತಿರುವಾಗ ಮೀನಿನ ಮೊದಲ ತಟ್ಟಿಗೇ ರಾಡ್ ಎತ್ತಬೇಡಿ. ಭಾರ ಬೀಳುವವರೆಗೆ ಕಾದು ದಡದ ಕಡೆಗೆ ಅಡ್ಡಲಾಗಿ ಎಳೆಯಿರಿ.

ಬಣ್ಣ: ತಿಳಿನೀರಿಗೆ ಬೆಳ್ಳಿ ಅಥವಾ ತಾಮ್ರ. ಕದಡಿದ ನೀರಿಗೆ ಹಿತ್ತಾಳೆ. ಮುಂಜಾವು, ಮುಸ್ಸಂಜೆಗೆ ಕಪ್ಪು, ಏಕೆಂದರೆ ಕೆಳಗಿನಿಂದ ನೋಡುವ ಮೀನಿಗೆ ಅದರ ನೆರಳಿನ ಆಕಾರ ಸ್ಪಷ್ಟ.

ಮೀನು ಬಂದ ಮೇಲೆ ಮರಳಿಗೆ ಎಳೆಯಬೇಡಿ. ಕೈ ಒದ್ದೆ ಮಾಡಿಕೊಂಡು, ನೀರಿನಲ್ಲೇ ಇಟ್ಟು, ಇಕ್ಕಳದಿಂದ ಕೊಕ್ಕೆ ಬಿಡಿಸಿ. ಫೋಟೋಗೆ ಎತ್ತುವುದಾದರೆ ಹತ್ತು ಸೆಕೆಂಡ್, ಎರಡೂ ಕೈಯಿಂದ, ಹೊಟ್ಟೆಗೆ ಆಸರೆ ಕೊಟ್ಟು. ಮೂತಿಯನ್ನು ಸೆಳವಿಗೆ ಎದುರಾಗಿ ಹಿಡಿದುಕೊಳ್ಳಿ, ಅದಾಗಿಯೇ ಬಾಲ ಬೀಸಿ ಹೋಗುವವರೆಗೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ನೀರು ಕಾದು ಆಮ್ಲಜನಕ ಇಳಿದಿರುತ್ತದೆ, ದಣಿದ ಮೀನು ಈಜಿ ಹೋದರೂ ಆಮೇಲೆ ಸಾಯಬಹುದು. ಆ ದಿನಗಳಲ್ಲಿ ಬೆಳಗಿನ ಒಂಬತ್ತರ ಹೊತ್ತಿಗೆ ರಾಡ್ ಮಡಚಿಡಿ.