ಆರು ತೂತಿನ ಕಾರು

ಮಧ್ಯಾಹ್ನ ಮೂರಕ್ಕೆ ಮಳೆ ಹಿಡಿಯಿತು, ಮೂರೂಕಾಲಿಗೆ ಕರೆಂಟು ಹೋಯಿತು. ಹನುಮಂತನಗರದ ಆ ಮನೆಯಲ್ಲಿ ಭಾನುವಾರದ ಊಟ ಮುಗಿಸಿ ಕೂತಿದ್ದವರು ಆರು ಜನ. ಅಟ್ಟದಿಂದ ಇಳಿದದ್ದು ‘ಗೇಮ್ ಆಫ್ ಲೈಫ್’: ಓದು, ಕೆಲಸ, ಮದುವೆ, ನಿವೃತ್ತಿಯ ದಾರಿಯಲ್ಲಿ ಪುಟ್ಟ ಕಾರು ನಡೆಸುವ ಹಲಗೆಯಾಟ. ಪೆಟ್ಟಿಗೆಯಲ್ಲಿ ಇದ್ದದ್ದೂ ಆರೇ ಕಾರು. ಹಾಗಾಗಿ ‘ನಾನು ಸುಮ್ನೆ ನೋಡ್ತೀನಿ’ ಎಂದ ಅಜ್ಜಿಯನ್ನೂ ಬಿಡಲಿಲ್ಲ.

ಈ ಆಟ ಕೆಡುವುದು ಸಾಮಾನ್ಯವಾಗಿ ಚಕ್ರದಿಂದ. ಒಂದರಿಂದ ಹತ್ತರವರೆಗೆ ಅಂಕಿ ಇರುವ ಪ್ಲಾಸ್ಟಿಕ್ ಚಕ್ರ ಹಲಗೆಯ ಮೇಲೇ ಕೂರುತ್ತದೆ. ವರ್ಷಗಟ್ಟಲೆ ಮಡಚಿಟ್ಟ ಹಲಗೆ ನಡುವೆ ಉಬ್ಬಿರುತ್ತದೆ. ಜಮಖಾನದ ಮೇಲೆ ಹಾಸಿದರಂತೂ ಚಕ್ರ ವಾಲಿ, ತಗ್ಗಿದ ಕಡೆಯ ಅಂಕಿಯೇ ಮತ್ತೆ ಮತ್ತೆ ಬರುತ್ತದೆ. ಹಲಗೆಯನ್ನು ಉಲ್ಟಾ ಮಡಚಿ ಹತ್ತು ನಿಮಿಷ ಭಾರ ಹೇರಿ, ಆಮೇಲೆ ಬರಿಯ ನೆಲದ ಮೇಲೆ ಹಾಸಿದರೆ ಅರ್ಧ ಜಗಳ ಕಡಿಮೆ. ಇನ್ನರ್ಧಕ್ಕೆ ಒಂದು ಕಟ್ಟುಪಾಡು ಸಾಕು: ಚಕ್ರ ಒಂದು ಸುತ್ತು ಪೂರ್ತಿ ತಿರುಗಲೇಬೇಕು, ಇಲ್ಲದಿದ್ದರೆ ಮತ್ತೆ ತಿರುಗಿಸಬೇಕು. ಐದನೇ ಕ್ಲಾಸಿನ ಹುಡುಗನಿಗೆ ಬೆರಳ ತುದಿಯಲ್ಲಿ ಮೆಲ್ಲಗೆ ತಳ್ಳಿ ಬೇಕಾದ ಅಂಕಿಗೆ ನಿಲ್ಲಿಸುವ ವಿದ್ಯೆ ಒಲಿದಿತ್ತು. ಈ ಕಟ್ಟುಪಾಡು ಮಾಡಿದ್ದೇ ಅವನಿಗಾಗಿ.

ಕಾರಿಗೆ ಆರು ತೂತು. ಮುಂದಿನೆರಡು ಗಂಡ ಹೆಂಡತಿಗೆ, ಹಿಂದಿನ ನಾಲ್ಕು ಮಕ್ಕಳಿಗೆ. ಕೂರಿಸಲು ನೀಲಿ, ಗುಲಾಬಿ ಮೊಳೆಗಳಿರುತ್ತವೆ. ಮನೆಯಲ್ಲಿ ಗುಡಿಸುವವರಿಗೆ ಮೊದಲು ಸಿಗುವುದೇ ಇವು. ಅಂದು ಹೊರಬಂದದ್ದು ಬರೀ ಹದಿನಾಲ್ಕು. ಆರು ಜನ ಮದುವೆಯಾದರೇ ಹನ್ನೆರಡು ಬೇಕು, ಉಳಿದ ಎರಡರಲ್ಲಿ ಎಲ್ಲರ ಸಂಸಾರ ತೂಗಬೇಕು. ಅಜ್ಜಿ ದೇವರ ಮನೆಯಿಂದ ಬೆಂಕಿಪೊಟ್ಟಣ ತಂದು, ಕಡ್ಡಿಗಳನ್ನು ಮುರಿದು, ಮದ್ದಿನ ತಲೆ ಮೇಲೆ ಬರುವಂತೆ ಕಾರಿಗೆ ಸಿಕ್ಕಿಸಿದರು. ಕಂದು ತಲೆಯ ಮಕ್ಕಳು. ನಿಜ ಹೇಳಬೇಕೆಂದರೆ ಕಂಪನಿಯ ಮೊಳೆಗಿಂತ ಅವೇ ಮನುಷ್ಯರ ಹಾಗೆ ಕಾಣುತ್ತಿದ್ದವು.

ಆಟವಾಗಿ ನೋಡಿದರೆ ಇದರಲ್ಲಿ ಬುದ್ಧಿಗೆ ಕೆಲಸ ಕಡಿಮೆ. ತಿರುಗಿಸು, ನಡೆ, ಬರೆದದ್ದನ್ನು ಓದು, ದುಡ್ಡು ಕೊಡು ಇಲ್ಲವೇ ಇಸ್ಕೋ. ಚದುರಂಗದವರು ಮೂಗು ಮುರಿಯುವುದು ಇದಕ್ಕೇ, ಅವರ ಮಾತು ಸುಳ್ಳೇನಲ್ಲ. ಆದರೆ ಆರು ಜನ ಒಂದೇ ಹಲಗೆಯ ಮೇಲೆ ಆರು ಬೇರೆ ಆಟ ಆಡುತ್ತಾರೆ.

ಸಾಫ್ಟ್‌ವೇರ್ ಕೆಲಸದ ಅಳಿಯ ಆಡುವುದು ಲೆಕ್ಕದ ಆಟ. ಅವನ ಕೈಗೆ ಬಂದದ್ದು ಪೊಲೀಸ್ ಕೆಲಸದ ಕಾರ್ಡು. ಬೇರೆ ಯಾರೇ ಹತ್ತು ತಿರುಗಿಸಿದರೂ ಅತಿವೇಗದ ದಂಡವೆಂದು 5,000 ಪೊಲೀಸನಿಗೆ ಕೊಡಬೇಕು. ಹತ್ತು ಬೀಳುವ ಸಾಧ್ಯತೆ ಹತ್ತಕ್ಕೊಂದು, ಎದುರಾಳಿಗಳು ಐದು ಜನ. ಅಂದರೆ ಸರಾಸರಿ ಎರಡು ಸುತ್ತಿಗೊಂದು ದಂಡ. ಆರು ಜನ ಕೂತಾಗ ಈ ಕಾರ್ಡು ಹೊಲದ ಬಾವಿಯಿದ್ದ ಹಾಗೆ, ಇಬ್ಬರೇ ಆಡುವಾಗ ಒಣಬಾವಿ. ಎರಡನೇ ದಂಡ ಕೊಟ್ಟ ಅತ್ತೆ ‘ರಸೀದಿ ಕೊಡಿ ಸಾರ್’ ಎಂದರು.

ಬ್ಯಾಂಕು ಯಾರ ಕೈಯಲ್ಲಿರುತ್ತದೆ ಎಂಬುದರ ಮೇಲೆ ಆಟದ ರುಚಿ ನಿಂತಿದೆ. ಅವಸರದವರಿಗೆ ಕೊಟ್ಟರೆ ಲೆಕ್ಕ ತಪ್ಪುತ್ತದೆ, ಮಕ್ಕಳಿಗೆ ಕೊಟ್ಟರೆ ನೋಟು ಮಡಚಿಹೋಗುತ್ತದೆ. ಇಲ್ಲಿ ಕೂತದ್ದು ಬ್ಯಾಂಕಿನಲ್ಲೇ ದುಡಿದು ನಿವೃತ್ತರಾದ ದೊಡ್ಡಪ್ಪ. 20,000 ಸಾಲ ಪಡೆದರೆ ತೀರಿಸುವಾಗ 25,000 ಕೊಡಬೇಕು. ಇಂಜಿನಿಯರಿಂಗ್ ಓದುವ ಮೊಮ್ಮಗಳು ಕಾಲೇಜಿನ ದಾರಿ ಹಿಡಿದು 40,000 ಕೇಳಿದಾಗ ‘ಜಾಮೀನು ಯಾರಮ್ಮ?’ ಎಂದು ಕನ್ನಡಕ ಇಳಿಸಿದರು. ಅವಳು ಅಜ್ಜಿಯನ್ನು ತೋರಿಸಿದಳು. ಎರಡು ಸಾಲಪತ್ರ ಮಂಜೂರಾದವು. ಹೊಸಬರು ಎಡವುವುದು ಇಲ್ಲೇ: ಕೈಗೆ ಸಂಬಳ ಬಂದೊಡನೆ ಸಾಲ ತೀರಿಸಲು ಓಡುತ್ತಾರೆ. ಈ ಸಾಲಕ್ಕೆ ಕಾಲದ ಬಡ್ಡಿಯಿಲ್ಲ, ನಾಳೆ ಕೊಟ್ಟರೂ ಕೊನೆಗೆ ಕೊಟ್ಟರೂ ಅದೇ 25,000. ತೀರಿಸಿ ಬರಿಗೈಯಾಗಿ, ಮುಂದಿನ ಖರ್ಚಿನ ಮನೆಯಲ್ಲಿ ಮತ್ತೆ ಸಾಲ ಮಾಡಿದರೆ ಇನ್ನೊಂದು 5,000 ದಂಡ. ಇದನ್ನು ದೊಡ್ಡಪ್ಪನಿಗೆ ಅಳಿಯ ಬಿಡಿಸಿ ಹೇಳಿದ. ಅವರು ಒಪ್ಪಿದರು, ಆದರೂ ತಮ್ಮ ಸಾಲ ಮೊದಲ ಸಂಬಳದಲ್ಲೇ ತೀರಿಸಿದರು.

ಬೆಂಗಳೂರಿನ ಮನೆಗಳಲ್ಲಿ ಇನ್ನೊಂದು ತೊಡಕು. ಶುರುವಿನಲ್ಲೇ ದಾರಿ ಎರಡಾಗುತ್ತದೆ: ಒಂದು ಕಾಲೇಜಿಗೆ, ಇನ್ನೊಂದು ನೇರ ಕೆಲಸಕ್ಕೆ. ಸಿಇಟಿ ರ‍್ಯಾಂಕು ನೋಡಿ ಬೆಳೆದ ಊರಲ್ಲಿ ಯಾರೂ ಎರಡನೆಯದರತ್ತ ಕಣ್ಣೆತ್ತಿಯೂ ನೋಡುವುದಿಲ್ಲ, ಆರಿಸುವ ಮಜಾ ಅಲ್ಲಿಗೇ ಸತ್ತಿತು. ಕಾಲೇಜು ಓದಿದವರಿಗೆ ಮಾತ್ರ ಡಾಕ್ಟರಂಥ ಕೆಲಸ ಸಿಗುತ್ತದೆ, ನಿಜ. ಆದರೆ ಸಾಲವಿಲ್ಲದೆ ಹೊರಟವರು ಬೇಗ ಸಂಬಳದ ಮನೆ ಮುಟ್ಟುತ್ತಾರೆ. ಅಂದು ನೇರ ಕೆಲಸಕ್ಕೆ ಹೋದವರು ಅಜ್ಜಿ ಒಬ್ಬರೇ. ಸಿಕ್ಕಿದ್ದು ಕಲಾವಿದೆಯ ಕಾರ್ಡು. ‘ಸಂಗೀತದ ಮೇಷ್ಟ್ರು ಮನೆಗೆ ಬರೋದು ಬೇಡ ಅಂದಿದ್ರಲ್ಲ ನಮ್ಮಪ್ಪ, ಈಗ ನೋಡ್ಲಿ’ ಎಂದರು.

ಅಜ್ಜಿಗೆ ಇದು ಹೊಸ ಆಟವೇ ಅಲ್ಲ. ವೈಕುಂಠ ಏಕಾದಶಿಯ ರಾತ್ರಿ ನಿದ್ದೆಗೆಡಲು ಆಡುತ್ತಿದ್ದ ಪರಮಪದ ಸೋಪಾನ ಪಟವೂ ಜೀವನದ್ದೇ ಕಥೆ: ಪುಣ್ಯಕ್ಕೆ ಏಣಿ, ಪಾಪಕ್ಕೆ ಹಾವು, ಕೊನೆಗೆ ವೈಕುಂಠ. ವಿಚಿತ್ರವೆಂದರೆ ಈ ಅಮೆರಿಕದ ಆಟದ ಮೂಲವೂ ಅದೇ ಜಾತಿಯದು. ಕಲ್ಲಚ್ಚಿನ ಮುದ್ರಕ ಮಿಲ್ಟನ್ ಬ್ರಾಡ್ಲಿ 1860ರಲ್ಲಿ ಮಾಡಿದ 64 ಮನೆಯ ಪಟದಲ್ಲಿ ಶೌರ್ಯದಿಂದ ಗೌರವಕ್ಕೂ ಸೋಮಾರಿತನದಿಂದ ಅವಮಾನಕ್ಕೂ ದಾರಿಯಿತ್ತು. ದಾಳ ಜೂಜಿನವರ ಸಾಮಾನೆಂದು ಬುಗುರಿಯಂಥ ಆರು ಮುಖದ ತಿರುಗಣಿ ಕೊಟ್ಟಿದ್ದ. ಸರಿಯಾಗಿ ನೂರು ವರ್ಷಕ್ಕೆ, 1960ರಲ್ಲಿ, ರೂಬೆನ್ ಕ್ಲೇಮರ್ ಅದನ್ನು ಕಾರು, ಬೆಟ್ಟ, ಚಕ್ರದ ಆಟವಾಗಿಸಿದ. ಪುಣ್ಯ ಹೋಗಿ ದುಡ್ಡು ಬಂತು. ‘ವೈಕುಂಠ ಎಲ್ಲಿ?’ ಎಂದು ಅಜ್ಜಿ ಕೇಳಿದ್ದಕ್ಕೆ ಹುಡುಗ ಕೋಟ್ಯಧೀಶರ ಬಂಗಲೆ ತೋರಿಸಿದ.

ಮದುವೆಯ ಮನೆಯಲ್ಲಿ ಎಷ್ಟೇ ಅಂಕಿ ಉಳಿದಿದ್ದರೂ ನಿಲ್ಲಲೇಬೇಕು. ಮೊಮ್ಮಗಳು ‘ನಾನಾಗಲ್ಲ’ ಎಂದಳು. ನಿಯಮ ಬಿಡುವುದಿಲ್ಲ. ಇಂಥಲ್ಲಿ ಹಟ ಹಿಡಿದರೆ ಆಟ ಕಹಿಯಾಗುತ್ತದೆ, ಮೊಳೆ ಹಾಕದೆ ಉಡುಗೊರೆಯ ಬಿಲ್ಲೆ ಮಾತ್ರ ತೆಗೆದುಕೊಳ್ಳಲು ಬಿಟ್ಟರೆ ಲೆಕ್ಕಕ್ಕೇನೂ ನಷ್ಟವಿಲ್ಲ. ಹಾಗೇ ಮಾಡಿದರು. ಅತ್ತೆ ಮಾತ್ರ ‘ಮುಂದಿನ ಸೀಟಲ್ಲಿ ಬ್ಯಾಗಾದ್ರೂ ಇಡು’ ಎಂದು ಒಂದು ಕಡ್ಡಿ ಸಿಕ್ಕಿಸಿದರು.

ಬಿಲ್ಲೆಗಳು 1991ರ ಆವೃತ್ತಿಯಿಂದ ಬಂದವು. ಮುಖ ಕೆಳಗೆ ಮಾಡಿಟ್ಟುಕೊಂಡು ಕೊನೆಗೆ ತೆರೆಯಬೇಕು, ಬೆಲೆ ಅಲ್ಲಿಯತನಕ ಗುಟ್ಟು. ರಾಶಿ ಮುಗಿದರೆ ಎದುರಾಳಿಯದನ್ನೇ ಎತ್ತಬಹುದು. ದಾರಿಯ ಕೊನೆಗೆ ನಿವೃತ್ತಿಗೆ ಎರಡು ಜಾಗ, ಬಂಗಲೆ ಇಲ್ಲವೇ ಹಳ್ಳಿಮನೆ; ಹಳ್ಳಿಮನೆಗೆ ನಿವೃತ್ತರಾದವರ ಬಿಲ್ಲೆಗೆ ಮಾತ್ರ ಕೈ ಹಾಕುವಂತಿಲ್ಲ. ಅಳಿಯ ಬಂಗಲೆಗೆ ಹೋದ, ಅಜ್ಜಿ ಹಳ್ಳಿಗೆ. ಹುಡುಗ ಅಳಿಯನ ಎರಡು ಬಿಲ್ಲೆ ಎತ್ತಿದ. ಐದೂವರೆಗೆ ಎಲ್ಲ ತೆರೆದಾಗ, ನೆಗಡಿಗೆ ಔಷಧಿ ಕಂಡುಹಿಡಿದ ಬಿಲ್ಲೆ ಅಜ್ಜಿಯ ರಾಶಿಯಲ್ಲಿತ್ತು. ಅವರು ಗೆದ್ದರೋ ಇಲ್ಲವೋ ತಕ್ಷಣ ತಿಳಿಯಲಿಲ್ಲ, ಯಾಕೆಂದರೆ ಬ್ಯಾಂಕಿನಲ್ಲಿ 5,000 ಕಡಿಮೆ ಬಂದಿತ್ತು. ಟ್ಯಾಲಿ ಆಗುವವರೆಗೆ ಯಾರೂ ಏಳಬಾರದೆಂದು ದೊಡ್ಡಪ್ಪ. ಕಾಫಿಗಿಟ್ಟ ಹಾಲು ಉಕ್ಕಿತು. ನೋಟು ಸಿಕ್ಕಿದ್ದು ಅಜ್ಜಿಯ ಎಲೆಅಡಿಕೆ ತಟ್ಟೆಯ ಅಡಿಯಲ್ಲಿ, ಸುಣ್ಣ ಮೆತ್ತಿಕೊಂಡು.