ಪ್ರಯಾಣಿಕರ ಮೈತೂಕ ನೋಡಿ ವಿಮಾನದ ಟಿಕೆಟ್ ದರ ನಿಗದಿ ಮಾಡಬೇಕೆ?

ವಿಮಾನ ನಿಲ್ದಾಣದಲ್ಲಿ ಹಾರಾಟದ ತೂಕದ ಲೆಕ್ಕ ನೋಡುವ ಲೋಡ್ ಕಂಟ್ರೋಲ್ ವಿಭಾಗದಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದವನು ಎಂದು ತಿಳಿದ ಕೂಡಲೆ, ಮದುವೆಮನೆಯ ಪಂಕ್ತಿಯಲ್ಲಾಗಲಿ ರೈಲಿನ ಬೋಗಿಯಲ್ಲಾಗಲಿ, ಪಕ್ಕದಲ್ಲಿ ಕುಳಿತವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಈಚೆಗೆ ಅದನ್ನು ಕೇಳಿದವನು ನನ್ನ ಅಣ್ಣನ ಮಗ. ದೆಹಲಿಗೆ ಹೋಗಿಬಂದ ಮರುದಿನವೇ ಮನೆಗೆ ಬಂದು, "ಚಿಕ್ಕಪ್ಪ, ಸೂಟ್‌ಕೇಸು ಹದಿನೈದು ಕೆ.ಜಿ. ದಾಟಿ ಎರಡು ಕೆ.ಜಿ. ಜಾಸ್ತಿ ಇದೆ ಅಂತ ನನ್ನ ಹತ್ರ ದುಡ್ಡು ಕಟ್ಟಿಸ್ಕೊಂಡ್ರು. ನಾನಿರೋದೇ ಐವತ್ತೆಂಟು ಕೆ.ಜಿ. ಪಕ್ಕದ ಸೀಟಿನವರು ನೂರಹತ್ತಕ್ಕೆ ಕಡಿಮೆ ಇರ್ಲಿಲ್ಲ. ಅವರಿಗೆ ಒಂದು ಪೈಸೆ ಜಾಸ್ತಿ ಇಲ್ಲ. ಇದ್ಯಾವ ನ್ಯಾಯ?" ಎಂದ.

ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ. ಪ್ರಯಾಣಿಕರ ತೂಕವನ್ನು ತಿಳಿದುಕೊಳ್ಳುವುದು ಅಗತ್ಯ, ಕೆಲವೆಡೆ ಅನಿವಾರ್ಯ. ಆದರೆ ಆ ತೂಕಕ್ಕೆ ಬೆಲೆ ಕಟ್ಟಿ ಟಿಕೆಟ್ ಮಾರುವುದು, ನಾವು ನೀವೆಲ್ಲ ಹತ್ತುವ ದೊಡ್ಡ ವಿಮಾನಗಳಲ್ಲಿ, ಲೆಕ್ಕಕ್ಕೂ ಸಲ್ಲುವುದಿಲ್ಲ, ನ್ಯಾಯಕ್ಕೂ ಸಲ್ಲುವುದಿಲ್ಲ.

ಮೊದಲು ತೂಕದ ಮಾತು. ಪ್ರತಿ ಹಾರಾಟಕ್ಕೂ ಮುನ್ನ ಲೋಡ್ ಶೀಟ್ ಎಂಬ ಹಾಳೆಯೊಂದು ತಯಾರಾಗಬೇಕು. ವಿಮಾನದ ಖಾಲಿ ತೂಕ, ತುಂಬಿದ ಇಂಧನ, ಸರಕು, ಬ್ಯಾಗೇಜು, ಸಿಬ್ಬಂದಿ, ಪ್ರಯಾಣಿಕರು ಎಲ್ಲವನ್ನೂ ಕೂಡಿಸಿ, ಒಟ್ಟು ತೂಕ ಮಿತಿಯೊಳಗೆ ಇದೆಯೆಂದೂ, ಆ ತೂಕದ ಗುರುತ್ವ ಕೇಂದ್ರ ಎಲ್ಲಿ ಬೀಳಬೇಕೋ ಅಲ್ಲೇ ಬಿದ್ದಿದೆಯೆಂದೂ ತೋರಿಸಿಕೊಟ್ಟ ಮೇಲೆ ಕ್ಯಾಪ್ಟನ್ ಅದನ್ನು ಒಪ್ಪಿ ಸಹಿ ಹಾಕುತ್ತಾರೆ. ಎಷ್ಟು ತೂಕ ಎಂಬುದರಷ್ಟೇ ಎಲ್ಲಿ ಕುಳಿತ ತೂಕ ಎಂಬುದೂ ಮುಖ್ಯ. ಎಪ್ಪತ್ತು ಚಿಲ್ಲರೆ ಆಸನಗಳ ಎಟಿಆರ್ ವಿಮಾನದಲ್ಲಿ ಹುಬ್ಬಳ್ಳಿಗೋ ಮೈಸೂರಿಗೋ ಹೋದವರು ಗಮನಿಸಿರಬಹುದು: ಹತ್ತುವ ಬಾಗಿಲು ಹಿಂದೆ ಇರುತ್ತದೆ, ವಿಮಾನ ನಿಂತಿರುವಾಗ ಬಾಲದ ಅಡಿಗೆ ಒಂದು ಊರುಗೋಲು ಕೊಟ್ಟಿರುತ್ತಾರೆ. ಇಳಿಯುವ ಅವಸರದಲ್ಲಿ ಎಲ್ಲರೂ ಹಿಂಬದಿಗೆ ಒತ್ತರಿಸಿ ನಿಂತರೆ ಬಾಲ ನೆಲಕ್ಕೆ ಕುಸಿಯಬಾರದೆಂದು ಆ ವ್ಯವಸ್ಥೆ. ಅರ್ಧ ಖಾಲಿಯಿದ್ದ ಹಾರಾಟಗಳಲ್ಲಿ ಹಿಂದಿನ ಸಾಲಿನವರನ್ನು ಮುಂದಕ್ಕೆ ಕೂರಿಸಿರೆಂದು ಎಷ್ಟೋ ಸಲ ನಾನೇ ಹೇಳಿಕಳಿಸಿದ್ದೇನೆ. ಕಿಟಕಿ ಪಕ್ಕ ಬೇಕೆಂದು ಕಾದು ಆರಿಸಿಕೊಂಡವರಿಗೆ ಬೇಸರವಾಗುತ್ತಿತ್ತು, ಆದರೆ ಅದರಲ್ಲಿ ಬಿಟ್ಟುಕೊಡುವ ಮಾತಿರಲಿಲ್ಲ.

ಇಷ್ಟೆಲ್ಲ ಕಟ್ಟುನಿಟ್ಟಿನ ಈ ಹಾಳೆಯಲ್ಲಿ ತೂಗದೆ ಬರೆಯುವ ಬಾಬತ್ತು ಒಂದಿದೆ, ಅದೇ ಪ್ರಯಾಣಿಕರದ್ದು. ಸೂಟ್‌ಕೇಸನ್ನು ತೂಗುತ್ತೇವೆ, ಮೀನಿನ ಪೆಟ್ಟಿಗೆಯನ್ನು ತೂಗುತ್ತೇವೆ, ಮನುಷ್ಯರಿಗೆ ಮಾತ್ರ ಸರಾಸರಿ. ಯುರೋಪಿನ ನಿಯಮದಲ್ಲಿ ದೊಡ್ಡ ವಿಮಾನದ ವಯಸ್ಕ ಪ್ರಯಾಣಿಕರಿಗೆ ಕೈಚೀಲವೂ ಸೇರಿ ತಲಾ 84 ಕೆ.ಜಿ., ಮಕ್ಕಳಿಗೆ 35 ಕೆ.ಜಿ. ಎಂದು ಹಿಡಿಯುತ್ತಾರೆ. ನೂರೆಂಬತ್ತು ಮಂದಿ ಕುಳಿತಾಗ ಒಬ್ಬರ ಹೆಚ್ಚು ಇನ್ನೊಬ್ಬರ ಕಡಿಮೆಯಲ್ಲಿ ಕರಗಿಹೋಗುವುದರಿಂದ ಸರಾಸರಿ ಸಾಕಾಗುತ್ತದೆ. ಹತ್ತೊಂಬತ್ತೇ ಮಂದಿ ಇದ್ದಾಗ ಕರಗುವುದಿಲ್ಲ. 2003ರ ಜನವರಿ 8ರಂದು ಅಮೆರಿಕದ ಷಾರ್ಲಟ್ ನಗರದಲ್ಲಿ ಬೀಚ್‌ಕ್ರಾಫ್ಟ್ 1900ಡಿ ವಿಮಾನವೊಂದು ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ಬಿದ್ದು 21 ಜನ ತೀರಿಕೊಂಡರು. ದುರಸ್ತಿಯ ವೇಳೆ ಎಲಿವೇಟರಿನ, ಅಂದರೆ ವಿಮಾನದ ಮೂತಿಯನ್ನು ಮೇಲೆ ಕೆಳಗೆ ಮಾಡುವ ಬಾಲದ ಭಾಗದ, ಕೇಬಲನ್ನು ತಪ್ಪಾಗಿ ಹೊಂದಿಸಿದ್ದು ಒಂದು ಕಾರಣವಾದರೆ, ಕಾಗದದ ಮೇಲೆ ಸರಿಯಿದ್ದ ವಿಮಾನ ವಾಸ್ತವದಲ್ಲಿ ಹಿಂದಕ್ಕೆ ಭಾರವಾಗಿದ್ದದ್ದು ಇನ್ನೊಂದು. ಅಲ್ಲಿನ ಜನರ ಮೈತೂಕ ವರ್ಷಗಳಲ್ಲಿ ಏರಿತ್ತು, ಸರಾಸರಿ ಮಾತ್ರ ಹಳೆಯದೇ ಉಳಿದಿತ್ತು. ಆ ಬಳಿಕವೇ ಅಮೆರಿಕದಲ್ಲಿ ಸಣ್ಣ ವಿಮಾನಗಳ ಪ್ರಯಾಣಿಕರನ್ನು ತೂಗಿ ನೋಡಿ ಲೆಕ್ಕ ಸರಿಪಡಿಸಿದರು.

ಕಾಗದದ ತಪ್ಪು ದೊಡ್ಡ ವಿಮಾನವನ್ನೂ ಬಿಟ್ಟಿಲ್ಲ. 2020ರ ಜುಲೈನಲ್ಲಿ ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನಿನ ಪಾಲ್ಮಾಕ್ಕೆ ಹೊರಟ ಟುಯಿ ಸಂಸ್ಥೆಯ ಬೋಯಿಂಗ್ 737ರಲ್ಲಿ, ಹೆಸರಿನ ಹಿಂದೆ 'ಮಿಸ್' ಎಂದಿದ್ದ ವಯಸ್ಕ ಹೆಂಗಸರನ್ನೆಲ್ಲ ತಂತ್ರಾಂಶವು ಮಕ್ಕಳೆಂದು ಎಣಿಸಿಬಿಟ್ಟಿತು. ಹಾಗೆ 38 ಮಂದಿ ಮಕ್ಕಳ ಲೆಕ್ಕಕ್ಕೆ ಹೋಗಿ, ಲೋಡ್ ಶೀಟಿನಲ್ಲಿ 1,244 ಕೆ.ಜಿ. ಕಡಿಮೆ ತೋರಿಸಿತು. ವಿಮಾನ ಸುರಕ್ಷಿತವಾಗಿ ಹಾರಿತು, ನಿಜ. ಆದರೂ ಆ ವರದಿಯನ್ನು ಓದುವಾಗ ಈ ಕೆಲಸ ಮಾಡಿದ ಯಾರಿಗೇ ಆದರೂ ಕೈ ತಣ್ಣಗಾಗುತ್ತದೆ.

ಆದ್ದರಿಂದ ತೂಗಬೇಕು. ಏರ್ ನ್ಯೂಜಿಲೆಂಡ್ 2023ರಲ್ಲಿ ಆಕ್ಲೆಂಡಿನಿಂದ ಹೊರದೇಶಕ್ಕೆ ಹೊರಟವರನ್ನೂ, ಫಿನ್ನೇರ್ 2024ರಲ್ಲಿ ಹೆಲ್ಸಿಂಕಿಯಲ್ಲಿ ಒಪ್ಪಿ ಮುಂದೆ ಬಂದವರನ್ನೂ ತೂಗಿದವು. ಕೈಚೀಲ ಸಮೇತ ನಿಂತರೆ ಸಾಕು, ಅಂಕಿಗೆ ಹೆಸರನ್ನು ಅಂಟಿಸುವುದಿಲ್ಲ, ಬಂದ ಅಂಕಿಗಳಿಂದ ಹೊಸ ಸರಾಸರಿ ಸಿದ್ಧವಾಗುತ್ತದೆ. ಇಂಥ ತೂಕಕ್ಕೆ ನಾನು ನಾಳೆಯೇ ತಕ್ಕಡಿ ಹತ್ತುತ್ತೇನೆ, ನಮ್ಮ ದೇಶದಲ್ಲೂ ನಡೆಯಲಿ ಎನ್ನುತ್ತೇನೆ.

ದರದ ಪ್ರಶ್ನೆ ಬೇರೆ. ತೂಕಕ್ಕೆ ತಕ್ಕ ದರವನ್ನು ನಿಜವಾಗಿ ಜಾರಿಗೆ ತಂದದ್ದು ಪೆಸಿಫಿಕ್ ಸಾಗರದ ಪುಟ್ಟ ದ್ವೀಪದೇಶ ಸಮೋವಾದ ಸಮೋವಾ ಏರ್ ಸಂಸ್ಥೆ. 2013ರಲ್ಲಿ ಇದು ಜಗತ್ತಿನಾದ್ಯಂತ ಸುದ್ದಿಯಾಯಿತು. ಟಿಕೆಟ್ ಕಾಯ್ದಿರಿಸುವಾಗ ಪ್ರಯಾಣಿಕರು ತಮ್ಮ ಮತ್ತು ತಮ್ಮ ಚೀಲಗಳ ತೂಕವನ್ನು ಒಟ್ಟಿಗೆ ಹೇಳಬೇಕು, ನಿಲ್ದಾಣದಲ್ಲಿ ತಕ್ಕಡಿ ಹತ್ತಿ ಅದನ್ನು ಖಚಿತಪಡಿಸಬೇಕು, ಕೆ.ಜಿ.ಗೆ ಇಷ್ಟು ತಾಲಾ (ಅಲ್ಲಿನ ನಾಣ್ಯ) ಎಂದು ಹಣ ಕಟ್ಟಬೇಕು. ಅಲ್ಲಿ ಹಾರುತ್ತಿದ್ದದ್ದು ಒಂಬತ್ತು ಪ್ರಯಾಣಿಕರ ಐಲ್ಯಾಂಡರ್ ಮತ್ತು ನಾಲ್ಕು ಆಸನಗಳ ಸೆಸ್ನಾ. ಅಷ್ಟು ಸಣ್ಣ ವಿಮಾನದಲ್ಲಿ ಇಬ್ಬರು ಭಾರಿ ಆಳುಗಳು ಕುಳಿತರೆ ಮೂರನೆಯವರನ್ನು ಕೆಳಗೆ ಬಿಟ್ಟುಹೋಗಬೇಕಾಗಬಹುದು. ಸಣ್ಣ ಮಕ್ಕಳ ಕುಟುಂಬಕ್ಕೆ ಈ ದರದಿಂದ ಲಾಭವೂ ಆಗುತ್ತಿತ್ತು. ಹಾಗಾಗಿ ಸಮೋವಾ ಏರ್ ಮಾಡಿದ್ದನ್ನು ದುರುಳತನವೆಂದು ನಾನು ಕರೆಯಲಾರೆ. ಆ ಸಂಸ್ಥೆ 2015ರಲ್ಲಿ ಮುಚ್ಚಿತು. ಅದೇ ಹೊತ್ತಿಗೆ, 2013ರಲ್ಲಿ, ನಾರ್ವೆಯಲ್ಲಿ ಪಾಠ ಹೇಳುತ್ತಿದ್ದ ಭರತ್ ಭಟ್ಟ ಎಂಬ ಅಧ್ಯಾಪಕರು ಇದೇ ಪದ್ಧತಿಯನ್ನು ಎಲ್ಲ ವಿಮಾನಗಳಿಗೂ ಹೇಗೆ ತರಬಹುದೆಂದು ಒಂದು ಪ್ರಬಂಧ ಬರೆದರು. ನನ್ನ ತಕರಾರು ಇರುವುದು ಈ 'ಎಲ್ಲ ವಿಮಾನಗಳಿಗೂ' ಎಂಬಲ್ಲಿ.

ಅಣ್ಣನ ಮಗನ ಎದುರು ಕುಳಿತು ಒಂದು ಚೀಟಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ವಿಮಾನ ಹೆಚ್ಚುವರಿಯಾಗಿ ಹೊತ್ತ ಪ್ರತಿ ನೂರು ಕೆ.ಜಿ.ಗೆ ಗಂಟೆಗೆ ಮೂರರಿಂದ ನಾಲ್ಕು ಕೆ.ಜಿ. ಇಂಧನ ಹೆಚ್ಚು ಉರಿಯುತ್ತದೆ ಎಂಬುದು ಕೆಲಸದಲ್ಲಿ ನಾವು ಬಳಸುತ್ತಿದ್ದ ಅಂದಾಜು. ನಾಲ್ಕು ಎಂದೇ ಹಿಡಿಯೋಣ. ಬೆಂಗಳೂರಿನಿಂದ ದೆಹಲಿಗೆ ಆಕಾಶದಲ್ಲಿರುವ ಕಾಲ ಸುಮಾರು ಎರಡೂವರೆ ಗಂಟೆ. ಸರಾಸರಿ ಮೈತೂಕ 70 ಕೆ.ಜಿ. ಎಂದಿಟ್ಟುಕೊಂಡರೆ ಅವನು ಅದಕ್ಕಿಂತ 12 ಕೆ.ಜಿ. ಹಗುರ. ಅಂದರೆ ಅವನಿಂದ ಉಳಿಯುವ ಇಂಧನ ಒಂದೂಕಾಲು ಕೆ.ಜಿ.ಗೂ ಕಡಿಮೆ, ಲೀಟರಿನಲ್ಲಿ ಹೇಳುವುದಾದರೆ ಒಂದೂವರೆ. ಲೀಟರಿಗೆ 90 ರೂಪಾಯಿ ಎಂದರೆ ಅವನಿಗೆ ಸಿಗಬೇಕಾದ ರಿಯಾಯಿತಿ ಸುಮಾರು 135 ರೂಪಾಯಿ. ಸರಾಸರಿಗಿಂತ 40 ಕೆ.ಜಿ. ಹೆಚ್ಚಿದ್ದ ಪಕ್ಕದವರಿಂದ ಖರ್ಚಾದದ್ದು ಐದು ಲೀಟರ್, 450 ರೂಪಾಯಿ. ನೂರೆಂಬತ್ತು ಆಸನದ ಎ320 ವಿಮಾನದ ಗರಿಷ್ಠ ತೂಕ ಸುಮಾರು 79 ಟನ್. ಎಲ್ಲ ಆಸನ ತುಂಬಿದರೂ ಅದರಲ್ಲಿ ಮನುಷ್ಯರ ಮೈತೂಕ ಹನ್ನೆರಡು, ಹದಿಮೂರು ಟನ್ ಅಷ್ಟೆ. ಉಳಿದ ಇಂಧನವೆಲ್ಲ ವಿಮಾನ ತನ್ನನ್ನೂ ತನ್ನ ಇಂಧನವನ್ನೂ ಸರಕನ್ನೂ ಹೊತ್ತೊಯ್ಯಲು ಸುಡುವಂಥದ್ದು. ಪೈಲಟ್ಟಿನ ಸಂಬಳ, ವಿಮಾನದ ಬಾಡಿಗೆ, ನಿಲ್ದಾಣದ ಶುಲ್ಕ ಇವಾವುವೂ ನಮ್ಮ ಸೊಂಟದ ಸುತ್ತಳತೆಯಿಂದ ಹೆಚ್ಚುವುದೂ ಇಲ್ಲ, ತಗ್ಗುವುದೂ ಇಲ್ಲ.

ಹೀಗೆ ಹೇಳಿದ ಮೇಲೆ, ಆ ಟಿಕೆಟನ್ನು ಯಾವಾಗ ಕೊಂಡೆ ಎಂದು ಕೇಳಿದೆ. ಹೊರಡುವುದಕ್ಕೆ ನಾಲ್ಕು ದಿನ ಮುಂಚೆ ಎಂದ. ಒಂದು ತಿಂಗಳು ಮೊದಲೇ ಕೊಂಡಿದ್ದರೆ ಸಾವಿರಾರು ರೂಪಾಯಿ ಉಳಿಯುತ್ತಿತ್ತು. ಟಿಕೆಟ್ ದರ ನಾವು ಉರಿಸುವ ಇಂಧನದ ಬೆಲೆಯೆಂದು ಭಾವಿಸುವುದರಿಂದಲೇ ಈ ಪ್ರಶ್ನೆ ಹುಟ್ಟುತ್ತದೆ. ಅದು ಎಂದೂ ಹಾಗಿರಲಿಲ್ಲ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರುಮಾಡಿ, ಮುಂದೆ ಒಂದು ರೂಪಾಯಿಗೆ ಟಿಕೆಟ್ ಮಾರಿದಾಗ, ಅದೇ ವಿಮಾನದಲ್ಲಿ ಸಾವಿರಾರು ರೂಪಾಯಿ ಕೊಟ್ಟವರೂ ಕುಳಿತಿರುತ್ತಿದ್ದರು. ಒಂದು ರೂಪಾಯಿಯವರ ಮೈಯೇನೂ ಹಗುರವಾಗಿರಲಿಲ್ಲ. ದರ ನಿಂತಿರುವುದು ಬೇಡಿಕೆಯ ಮೇಲೆ, ಕೊನೆಯ ಗಳಿಗೆಯಲ್ಲಿ ಕೊಳ್ಳಲೇಬೇಕಾದವರ ಅನಿವಾರ್ಯದ ಮೇಲೆ.

ಹಾಗಾದರೆ ಎರಡು ಕೆ.ಜಿ. ಬ್ಯಾಗೇಜಿಗೆ ಏಕೆ ಕಟ್ಟಬೇಕಾಯಿತು? ಇದಕ್ಕೆ ನನ್ನ ಉತ್ತರ ನೇರವಾಗಿದೆ: ಅದು ಕೂಡ ಇಂಧನದ ಬೆಲೆಯಲ್ಲ. ಮೇಲಿನ ಲೆಕ್ಕದಲ್ಲೇ ನೋಡಿದರೆ ಎರಡು ಕೆ.ಜಿ.ಯ ಇಂಧನ ಇಪ್ಪತ್ತು ಇಪ್ಪತ್ತೈದು ರೂಪಾಯಿ ಆಗುತ್ತದೆ, ಅವನು ಕೊಟ್ಟದ್ದು ಅದರ ಎಷ್ಟೋ ಪಟ್ಟು. ಅದು ಸಂಸ್ಥೆಯ ಆದಾಯದ ಒಂದು ದಾರಿ, ಜೊತೆಗೆ ಜನ ಅತಿಯಾಗಿ ಹೊತ್ತು ತರದಂತೆ ಹಾಕಿದ ಬೇಲಿ. ಆ ಶುಲ್ಕ ದುಬಾರಿಯಾಯಿತೆಂದು ಅವನು ಜಗಳ ಮಾಡಿದರೆ ನಾನು ಅವನ ಪಕ್ಷ. ಆದರೆ ಪೆಟ್ಟಿಗೆಯಿಂದ ಎರಡು ಪುಸ್ತಕ ತೆಗೆದು ಮನೆಯಲ್ಲಿಡಬಹುದು. ಮೈಯಿಂದ ಏನನ್ನು ತೆಗೆದಿಡುವುದು?

ಈ ಮಾತನ್ನು ನಾನು ಕೇಳಿ ಕಲಿತದ್ದಲ್ಲ, ಕಣ್ಣಾರೆ ಕಂಡದ್ದು. ಕೆಲವು ವರ್ಷಗಳ ಹಿಂದೆ ಮನೆಯವರೆಲ್ಲ ಕೇದಾರನಾಥ ಯಾತ್ರೆಗೆ ಹೋಗಿದ್ದೆವು. ಅಲ್ಲಿನ ಹೆಲಿಕಾಪ್ಟರ್ ಸೇವೆಯಲ್ಲಿ 80 ಕೆ.ಜಿ. ದಾಟಿದವರು ಪ್ರತಿ ಹೆಚ್ಚುವರಿ ಕೆ.ಜಿ.ಗೆ 150 ರೂಪಾಯಿ ಕೊಡಬೇಕೆಂಬ ನಿಯಮವಿತ್ತು. ದೇವಸ್ಥಾನ ಇರುವುದು ಮೂರೂವರೆ ಸಾವಿರ ಮೀಟರಿಗೂ ಎತ್ತರದಲ್ಲಿ, ಗಾಳಿ ತೆಳು, ಹೆಲಿಕಾಪ್ಟರ್ ಎತ್ತಬಲ್ಲ ಭಾರವೂ ಕಡಿಮೆ, ಕೂರುವವರೇ ಐದಾರು ಮಂದಿ. ನಿಯಮಕ್ಕೆ ಕಾರಣವಿದೆ ಎಂದು ಒಪ್ಪುತ್ತೇನೆ. ಫಾಟಾದ ಹೆಲಿಪ್ಯಾಡಿನಲ್ಲಿ ತಗಡಿನ ಚಾವಣಿಯ ಕೆಳಗೆ ಒಂದು ತಕ್ಕಡಿ ಇಟ್ಟಿದ್ದರು. ನನ್ನ ಅತ್ತಿಗೆ ಚಪ್ಪಲಿ ಬಿಟ್ಟು, ಶಾಲು ತೆಗೆದು ನನ್ನ ಅಣ್ಣನ ಕೈಗೆ ಕೊಟ್ಟು, ಕೊರಳ ಸರವನ್ನೂ ಒಂದು ಸಲ ಮುಟ್ಟಿ ನೋಡಿಕೊಂಡು ಹತ್ತಿದರು. ಸಿಬ್ಬಂದಿಯ ಹುಡುಗ ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ "ಛಿಯಾಸೀ" ಎಂದು ಕೂಗಿದ, ಮೇಜಿನ ಬಳಿಯಿದ್ದವನು ಅದನ್ನೇ ಮತ್ತೊಮ್ಮೆ ಕೂಗಿ ಬರೆದುಕೊಂಡ. ಎಂಬತ್ತಾರು. ಒಂಬೈನೂರು ರೂಪಾಯಿ ಕಟ್ಟಿದೆವು. ಹತ್ತು ವರ್ಷಗಳಿಂದ ಥೈರಾಯ್ಡಿಗೆ ಮಾತ್ರೆ ನುಂಗುತ್ತಿರುವ ಅತ್ತಿಗೆ ಒಂಬೈನೂರಕ್ಕೆ ಬೇಸರಪಟ್ಟವರಲ್ಲ. ಆದರೆ ಅಂದು ರಾತ್ರಿ ಊಟಕ್ಕೆ ಕುಳಿತಾಗ ಎರಡನೆಯ ರೊಟ್ಟಿ ಬೇಡವೆಂದು ಎದ್ದರು. ನಮ್ಮ ಮನೆಯಲ್ಲಿ ಎಲ್ಲರಿಗೂ ಬಡಿಸಿ ಉಪಚರಿಸುವ ಹೆಂಗಸು ಹಾಗೆ ಎದ್ದದ್ದನ್ನು ನಾನು ಮರೆತಿಲ್ಲ. ಅಂಕಿಯನ್ನು ಕೂಗದೆ, ಸಿಬ್ಬಂದಿಗೆ ಮಾತ್ರ ಅದು ಕಾಣುವಂತೆ ತಕ್ಕಡಿಯ ಮುಖವನ್ನು ತಿರುಗಿಸಿಡಲು ಅವರಿಗೆ ಎಷ್ಟು ಹೊತ್ತು ಬೇಕಿತ್ತು?

ಇದೇ ಸಾಲು ದಿನಕ್ಕೆ ಲಕ್ಷ ಜನ ಓಡಾಡುವ ದೇವನಹಳ್ಳಿಯ ನಿಲ್ದಾಣದಲ್ಲಿ, ಪ್ರತಿ ಕೌಂಟರಿನಲ್ಲಿ ನಡೆಯುವುದನ್ನು ಊಹಿಸಿಕೊಳ್ಳಿ. ಗರ್ಭಿಣಿ, ಸ್ಟೀರಾಯ್ಡ್ ತೆಗೆದುಕೊಳ್ಳುವ ರೋಗಿ, ಆರೂಕಾಲು ಅಡಿಯ ಕಬಡ್ಡಿ ಆಟಗಾರ ಎಲ್ಲರೂ ದಂಡ ಕಟ್ಟುವವರೇ. ತೂಕವನ್ನು ರೂಪಾಯಿಗೆ ತಿರುಗಿಸುವ ಅಭ್ಯಾಸ ಒಮ್ಮೆ ಅಂಟಿಕೊಂಡರೆ ಅದು ಎಲ್ಲೆಲ್ಲಿ ಹೋಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಉದಾಹರಣೆಯಿದೆ: 2013ರಲ್ಲಿ ಗೋಏರ್ ಸಂಸ್ಥೆ, ಹೆಂಗಸರು ಹಗುರವಾಗಿರುವುದರಿಂದ ಇಂಧನ ಉಳಿಯುತ್ತದೆಂದು, ಇನ್ನು ಮುಂದೆ ವಿಮಾನದ ಪರಿಚಾರಕ ಕೆಲಸಕ್ಕೆ ಗಂಡಸರನ್ನು ತೆಗೆದುಕೊಳ್ಳುವುದಿಲ್ಲ ಎಂದು ಪ್ರಕಟಿಸಿತು. ಆ ಕೆಲಸದ ಅವಕಾಶ ಕಳೆದುಕೊಂಡ ಹುಡುಗರಿಗೆ ಅದು ಸಣ್ಣ ಮಾತಲ್ಲ.

ಅಣ್ಣನ ಮಗ ಇಷ್ಟನ್ನೂ ಕೇಳಿದ ಮೇಲೆ, "ಅದೆಲ್ಲ ಸರಿ ಚಿಕ್ಕಪ್ಪ, ಆದ್ರೆ ಎರಡೂವರೆ ಗಂಟೆ ನಾನು ಒಂದು ಭುಜ ಹಿಡಿಯಷ್ಟು ಮಾಡ್ಕೊಂಡು ಕೂತಿದ್ದೆ" ಎಂದ. ಅವನ ನಿಜವಾದ ದೂರು ಇದು, ಮತ್ತು ಇದು ನ್ಯಾಯವಾದ ದೂರು. ಆದರೆ ಇದು ತೂಕದ್ದಲ್ಲ, ಅಗಲದ್ದು. ಪಕ್ಕದವರಿಂದ 450 ರೂಪಾಯಿ ಹೆಚ್ಚು ಕಿತ್ತುಕೊಂಡಿದ್ದರೆ ಅವನ ಭುಜಕ್ಕೆ ಒಂದು ಅಂಗುಲವೂ ಹೆಚ್ಚು ಜಾಗ ಸಿಗುತ್ತಿರಲಿಲ್ಲ, ಹಣ ಸಂಸ್ಥೆಗೆ ಹೋಗುತ್ತಿತ್ತು. ಆ ಪಕ್ಕದವರೂ ಅಷ್ಟೇ ಹೊತ್ತು ಮೈ ಮುದುಡಿಕೊಂಡು, ನೀರು ಕುಡಿಯಲೂ ಕೈ ಎತ್ತದೆ ಕುಳಿತಿದ್ದಿರಬಹುದು. ಕೆನಡಾ ದೇಶ ಇದಕ್ಕೆ 2008ರಲ್ಲೇ ಒಂದು ದಾರಿ ಕಂಡುಕೊಂಡಿತು. ಸ್ಥೂಲಕಾಯದಿಂದ ಅಂಗವಿಕಲರಾದವರಿಗೆ ಎರಡನೆಯ ಆಸನ ಬೇಕಿದ್ದರೆ ದೇಶದೊಳಗಿನ ಹಾರಾಟದಲ್ಲಿ ಅದಕ್ಕೆ ಹಣ ಕೇಳಬಾರದು, ಒಬ್ಬ ಮನುಷ್ಯನಿಗೆ ಒಂದೇ ದರ ಎಂದು ಅಲ್ಲಿನ ಸಾರಿಗೆ ಪ್ರಾಧಿಕಾರ ಆದೇಶಿಸಿತು. ವಿಮಾನ ಸಂಸ್ಥೆಗಳು ಸುಪ್ರೀಂ ಕೋರ್ಟಿನವರೆಗೆ ಹೋದವು, ಕೋರ್ಟು ಮನವಿಯನ್ನು ವಿಚಾರಣೆಗೇ ಎತ್ತಿಕೊಳ್ಳಲಿಲ್ಲ.

ನಮ್ಮಲ್ಲಿ ಅಷ್ಟು ದೂರ ಹೋಗುವ ಮೊದಲು ಮಾಡಬಹುದಾದದ್ದು ಒಂದಿದೆ. ಟಿಕೆಟ್ ಕೊಳ್ಳುವ ಪರದೆಯ ಮೇಲೆ ಊಟದ ಚಿತ್ರವಿರುತ್ತದೆ, ವಿಮೆಯ ಗುರುತಿರುತ್ತದೆ, ಕಿಟಕಿ ಪಕ್ಕದ ಸೀಟಿನ ಬೆಲೆಯಿರುತ್ತದೆ. ಎರಡು ತೋಳುಗಳ ನಡುವೆ ಆ ಸೀಟು ಎಷ್ಟು ಅಂಗುಲ ಅಗಲವಿದೆ ಎಂಬುದನ್ನು ಅದೇ ಪರದೆಯ ಮೇಲೆ, ಹಣ ಕಟ್ಟುವ ಮುಂಚೆ ಕಾಣುವ ಹಾಗೆ ಬರೆಯಲಿ. ಎರಡನೆಯ ಸೀಟು ಬೇಕೆನ್ನುವವರಿಗೆ ಅದನ್ನು ಆ ದಿನದ ಅತಿ ಕಡಿಮೆ ದರದಲ್ಲಿ, ಕೌಂಟರಿನಲ್ಲಿ ಯಾರಿಗೂ ವಿವರಣೆ ಕೊಡದೆ ಕೊಳ್ಳಲು ಬಿಡಲಿ. ಮುಂದಿನ ಯಾತ್ರೆಗೆ ಅತ್ತಿಗೆಯ ಟಿಕೆಟನ್ನು ನಾನೇ ಕೊಳ್ಳುವವನು. ಆ ಅಂಗುಲಗಳನ್ನು ನೋಡಿಯೇ ಕೊಳ್ಳಬೇಕೆಂದಿದ್ದೇನೆ.