ನೂರನೇ ಬೊಟ್ಟು

2025 ಜನವರಿ 18, ಶನಿವಾರ
ಮೈಸೂರು, ರಾತ್ರಿ 9:40

ಬೆಳಿಗ್ಗೆ ಏಳು ಗಂಟೆ ನಾಲ್ಕು ನಿಮಿಷಕ್ಕೆ ಚಾಮುಂಡಿ ಬೆಟ್ಟದ ಕೊನೇ ಮೆಟ್ಟಿಲು ಹತ್ತಿದೆ. ಒಂದು ವರ್ಷದೊಳಗೆ ನೂರನೇ ಸಲ. ನಾಳೆ ನನಗೆ ಐವತ್ತು ತುಂಬುತ್ತದೆ. ಹೋದ ವರ್ಷ ಜನವರಿ 19ರ ಶುಕ್ರವಾರ ಬೆಟ್ಟದ ಪಾದದಲ್ಲಿ ನಿಂತು, 'ಐವತ್ತಾಗೋದ್ರೊಳಗೆ ನೂರು ಸಲ ಹತ್ತುತೀನಿ ತಾಯಿ' ಅಂತ ಕೈಮುಗಿದಿದ್ದೆ. ಒಂದು ದಿನ ಉಳಿದಿರುವಾಗ ಮಾತು ತೀರಿತು.

ಮೈಯೆಲ್ಲ ಹಗುರ, ನಿದ್ದೆಯೂ ಬರುತ್ತಿಲ್ಲ. ಮರೆಯುವ ಮುಂಚೆ ಬರೆದಿಡೋಣ ಅಂತ ಕೂತಿದ್ದೇನೆ.

ಇದೆಲ್ಲ ಶುರುವಾಗಿದ್ದು ಒಂದು ಊಟದ ಪಂಕ್ತಿಯಲ್ಲಿ. 2023ರ ಡಿಸೆಂಬರ್‌ನಲ್ಲಿ ನಂಜನಗೂಡಿನಲ್ಲಿ ನೆಂಟರ ಮನೆ ಗೃಹಪ್ರವೇಶ. ನೆಲದ ಮೇಲೆ ಚಾಪೆ, ಮುಂದೆ ಬಾಳೆ ಎಲೆ. ಕೂರುವಾಗ ಕೂತೆ. ಊಟವಾಗಿ ಏಳಬೇಕಾದರೆ ಆಗಲಿಲ್ಲ. ಎಡಗೈ ನೆಲಕ್ಕೆ ಊರಿದೆ, ಮಂಡಿ ಒಪ್ಪಲಿಲ್ಲ. ಪಕ್ಕದಲ್ಲಿದ್ದ ಹುಡುಗಿ ರಟ್ಟೆ ಹಿಡಿದು ಎಬ್ಬಿಸಿದಳು. 'ನಿಧಾನ ಆಂಟಿ' ಅಂದಳು, ಪ್ರೀತಿಯಿಂದಲೇ. ಬಸ್ಸಿನಲ್ಲಿ ಮನೆಗೆ ಬರುವವರೆಗೂ ಆ ಕೈ ನನ್ನ ರಟ್ಟೆಯ ಮೇಲೇ ಇದ್ದ ಹಾಗಿತ್ತು.

ಮನೆಗೆ ಬಂದರೆ ಅಮ್ಮ ತನ್ನ ಕುರ್ಚಿಯಲ್ಲಿ. ಅಮ್ಮನಿಗೆ ಈಗ ಎಪ್ಪತ್ತಾರು. ಎರಡೂ ಮಂಡಿ ಸವೆದಿವೆ. ಅವಳು ನೆಲದ ಮೇಲೆ ಕೂತಿದ್ದನ್ನು ನಾನು ನೋಡಿ ಇಪ್ಪತ್ತು ವರ್ಷದ ಮೇಲಾಯಿತು. ದೇವರ ಮುಂದೆ ಕುರ್ಚಿ, ಊಟಕ್ಕೆ ಕುರ್ಚಿ, ಸೊಪ್ಪು ಬಿಡಿಸುವುದಕ್ಕೂ ಕುರ್ಚಿ. ಅವಳಿಗೆ ಮಂಡಿ ನೋವು ಹಿಡಿದಿದ್ದು ಯಾವಾಗ ಅಂತ ಆವತ್ತು ಕೇಳಿದೆ. 'ಐವತ್ತಕ್ಕೇ ಶುರುವಾಯ್ತು ಕಣೇ. ವಯಸ್ಸಾಯ್ತು ಅಂದ್ಕೊಂಡು ಸುಮ್ನಾದೆ' ಅಂದಳು.

ಐವತ್ತಕ್ಕೇ ವಯಸ್ಸಾಯಿತು ಅಂತ ಅವಳಿಗೆ ಯಾರು ಹೇಳಿದರೋ. ಯಾರೂ ಹಾಗಲ್ಲ ಅನ್ನಲಿಲ್ಲವಲ್ಲ ಎಂದು ಈಗಲೂ ಸಂಕಟವಾಗುತ್ತದೆ.

ಅದೇ ವಾರ ರಕ್ತ ಪರೀಕ್ಷೆ ಮಾಡಿಸಿದೆ. ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ, 6.2 ಬಂತು. 5.7ರಿಂದ 6.4ರವರೆಗೆ ಗಡಿ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ಜೊತೆಗೆ ಮುಟ್ಟು ನಿಲ್ಲುವ ಕಾಲ. ಈಸ್ಟ್ರೋಜನ್ ಇಳಿದ ಮೇಲೆ ಹೆಂಗಸರ ಮೂಳೆ ಬೇಗ ಬೇಗ ಸವೆಯುತ್ತದೆ, ಮೈಭಾರ ಕಾಲ ಮೇಲೆ ಬೀಳುವ ಕೆಲಸ ಮಾಡುತ್ತಿದ್ದರೆ ಮೂಳೆಗೆ ಒಳ್ಳೆಯದು. ಮೈಸೂರಿನಲ್ಲಿ ಹುಟ್ಟಿ ಬೆಳೆದವಳಿಗೆ ಅದಕ್ಕೆ ಬೇರೆ ಜಾಗ ಹುಡುಕಬೇಕೆ?

ಬೆಟ್ಟಕ್ಕೆ ಸಾವಿರದ ಎಂಟು ಮೆಟ್ಟಿಲು ಅನ್ನುವುದು ಹೇಳಿಕೆ. ನಾನು ಎಣಿಸಿದಾಗೆಲ್ಲ ಒಂದೊಂದು ಲೆಕ್ಕ ಬಂದಿದೆ, ನಡುವೆ ಬರುವ ಇಳಿಜಾರು ಹಾಸುಗಲ್ಲನ್ನು ಮೆಟ್ಟಿಲು ಅಂತ ಹಿಡಿಯಬೇಕೋ ಬೇಡವೋ ತಿಳಿಯುವುದಿಲ್ಲ. ಹದಿನೇಳನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಆದವು. ಮುಕ್ಕಾಲು ದಾರಿಯ ಸುಮಾರಿಗೆ ಸಿಗುವ ದೊಡ್ಡ ನಂದಿಯೂ ಅವರ ಕಾಲದ್ದೇ. ಮೊದಲ ಇನ್ನೂರು ಮುನ್ನೂರು ಮೆಟ್ಟಿಲೇ ಕಡಿದು. ಹೊಸಬರು ಅಲ್ಲೇ ಉಸಿರು ಕಟ್ಟಿ ವಾಪಸ್ಸಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅಲ್ಲಿ ದಾಟಿಬಿಟ್ಟರೆ ಬೆಟ್ಟವೇ ಕೈ ಹಿಡಿದು ಕರೆದುಕೊಂಡು ಹೋಗುತ್ತದೆ.

ಮೊದಲ ದಿನ ನನಗೆ ಹಿಡಿದಿದ್ದು 58 ನಿಮಿಷ. ನಲವತ್ತು ಮೆಟ್ಟಿಲಿಗೊಮ್ಮೆ ನಿಂತೆ. ಕಿವಿಯೊಳಗೆ ಎದೆ ಬಡಿತ ಕೇಳುತ್ತಿತ್ತು. ನಂದಿಯ ಹತ್ತಿರ ಕಟ್ಟೆ ಮೇಲೆ ಕೂತು, ಇದು ನನ್ನ ಕೈಲಾಗುವ ಕೆಲಸವೇ ಅಂತ ಯೋಚಿಸಿದೆ. ಮನೆಗೆ ಬಂದಾಗ ಅಮ್ಮ ಕೇಳಿದ್ದು ಒಂದೇ, 'ನಂದಿ ಹತ್ರ ಕೂತ್ಯಾ?' ಕೂತೆ ಅಂದೆ. ಕುರ್ಚಿ ಪಕ್ಕದ ಗೋಡೆಯಲ್ಲಿ ತೂಗುಹಾಕಿದ್ದ ಕ್ಯಾಲೆಂಡರಿನಲ್ಲಿ ಆವತ್ತಿನ ತಾರೀಕಿನ ಮೇಲೆ ಉಂಗುರದ ಬೆರಳಿನಿಂದ ಕುಂಕುಮದ ಬೊಟ್ಟಿಟ್ಟಳು. ಆಮೇಲೆ ಪ್ರತಿ ಸಲವೂ ಅದೇ ಪ್ರಶ್ನೆ, ಅದೇ ಬೊಟ್ಟು. ನಾನು ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವವಳು. ಈ ಒಂದು ಲೆಕ್ಕವನ್ನು ಮಾತ್ರ ಪೂರ್ತಿ ಅಮ್ಮನ ಕೈಗೆ ಬಿಟ್ಟೆ.

ವಾರಕ್ಕೆ ಎರಡು ಸಲ ಅಂತ ಇಟ್ಟುಕೊಂಡಿದ್ದೆ. ಹಾಗೆ ಹೋದರೆ ವರ್ಷಕ್ಕೆ ನೂರಾ ನಾಲ್ಕು. ಅಂದರೆ ತಪ್ಪಿಸಲು ಇದ್ದ ಅವಕಾಶ ನಾಲ್ಕೇ. ಏಪ್ರಿಲ್ ಬಿಸಿಲಿನಲ್ಲಿ ಸೂರ್ಯ ಮೂಡುವ ಮುಂಚೆಯೇ ಪಾದಕ್ಕೆ ಹೋಗುತ್ತಿದ್ದೆ. ಚಿರತೆ ಓಡಾಡುವ ಬೆಟ್ಟ, ಕತ್ತಲಲ್ಲಿ ಒಬ್ಬಳೇ ಹತ್ತಿದವಳಲ್ಲ. ನಾಲ್ಕು ಜನ ಸೇರುವವರೆಗೂ ಕಾಯುತ್ತಿದ್ದೆ. ಹಾಗೆ ಕಾಯುತ್ತಲೇ ಪರಿಚಯವಾದವರು ಎಷ್ಟು ಮಂದಿ! ಎಷ್ಟೋ ಜನರ ಹೆಸರು ಇವತ್ತಿಗೂ ಗೊತ್ತಿಲ್ಲ. 'ಏನಮ್ಮಾ, ಎಷ್ಟನೇದು?' ಅಂತ ಕೇಳುವ ದನಿಗಳು ಮಾತ್ರ ಚೆನ್ನಾಗಿ ಗೊತ್ತು.

ಜುಲೈ 12, ಆಷಾಢದ ಮೊದಲ ಶುಕ್ರವಾರ. ನಲವತ್ತೆಂಟನೇ ಸಲ. ಆವತ್ತಿನ ಜನವನ್ನು ಹೇಳಲಾಗದು. ಹೆಂಗಸರು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಿದ್ದರು. ಕಲ್ಲೆಲ್ಲ ಹಳದಿ, ಅದರ ಮೇಲೆ ಕೆಂಪು. ತುಳಿಯಲು ಮನಸ್ಸಾಗದೆ ಅಂಚಿನಲ್ಲೇ ಕಾಲಿಟ್ಟುಕೊಂಡು ಹೋದೆ. ನನ್ನ ಮುಂದೆ ಒಬ್ಬರು ಅಜ್ಜಿ, ಅವರ ಹಿಂದೆ ತಟ್ಟೆ ಹಿಡಿದ ಮೊಮ್ಮಗಳು.

ನಾನೂ ಹಾಗೆ ತಟ್ಟೆ ಹಿಡಿದವಳು. 1985ರಲ್ಲಿ ನನಗೆ ಹತ್ತು ವರ್ಷ. ಟೈಫಾಯಿಡ್ ಬಂದು ತಿಂಗಳುಗಟ್ಟಲೆ ಮಲಗಿ ಎದ್ದಿದ್ದೆ. ನಾನು ಉಳಿದರೆ ಮೆಟ್ಟಿಲಿಗೆಲ್ಲ ಅರಿಶಿನ ಕುಂಕುಮ ಹಚ್ಚುತ್ತೇನೆ ಅಂತ ಅಮ್ಮ ಹರಕೆ ಹೊತ್ತಿದ್ದಳು. ಮೂರು ಬೆರಳಿಗೆ ಅರಿಶಿನ ತೆಗೆದು ಕಲ್ಲಿನ ಮೇಲೆ ಎಳೆಯುವುದು, ಆಮೇಲೆ ಉಂಗುರದ ಬೆರಳಿಗೆ ಕುಂಕುಮ, ಕೈಮುಗಿದು ಮುಂದಿನ ಮೆಟ್ಟಿಲು. ಬಗ್ಗುವುದು, ಏಳುವುದು, ಬಗ್ಗುವುದು, ಏಳುವುದು. ಮೇಲೆ ಮುಟ್ಟುವ ಹೊತ್ತಿಗೆ ಮೂರು ಗಂಟೆಯ ಮೇಲಾಗಿತ್ತು. ಮಾರನೇ ದಿನ ಬೆಳಿಗ್ಗೆ ಎಂದಿನಂತೆ ಎದ್ದು ಹಿಟ್ಟು ರುಬ್ಬಿದಳು. ಆಗ ಅವಳಿಗೆ ಮೂವತ್ತಾರು. ಸಾವಿರ ಸಲ ಬಗ್ಗಿ ಎದ್ದ ಕಾಲುಗಳು ಹದಿನಾಲ್ಕು ವರ್ಷಕ್ಕೆ ಕೈಬಿಟ್ಟವು ಅಂದರೆ, ಕಾಲಿನಲ್ಲಿ ಶಕ್ತಿ ಇರಲಿಲ್ಲ ಅಂತ ಅಲ್ಲವಲ್ಲ. ನೋಡಿಕೊಳ್ಳಬೇಕು ಅಂತ ಅವಳಿಗೂ ತೋಚಲಿಲ್ಲ, ನಮಗೂ ತೋಚಲಿಲ್ಲ.

ಆಗಸ್ಟ್ 24. ಐವತ್ತೆಂಟನೇ ಸಲ. ಹಿಂದಿನ ರಾತ್ರಿ ಮಳೆ ಬಂದು ಕಲ್ಲಿಗೆಲ್ಲ ಪಾಚಿ. ಹತ್ತಿದ್ದು ಸರಿಯಾಗಿಯೇ. ಇಳಿಯುವಾಗ, ನಂದಿಯಿಂದ ಸ್ವಲ್ಪ ಕೆಳಗೆ, ಎಡಗಾಲು ಜಾರಿ ಒಳಕ್ಕೆ ಮಡಚಿಕೊಂಡಿತು. ಇಬ್ಬರು ಹುಡುಗರು ಮೇಲಕ್ಕೆ ರಸ್ತೆಯವರೆಗೂ ಹೊತ್ತುಕೊಂಡೇ ಬಂದು ಆಟೋ ಹತ್ತಿಸಿದರು. ಆ ಮಕ್ಕಳು ಎಲ್ಲಿದ್ದರೂ ಚೆನ್ನಾಗಿರಲಿ. ಎಕ್ಸ್‌ರೇಯಲ್ಲಿ ಮೂಳೆ ಮುರಿದಿರಲಿಲ್ಲ, ಲಿಗಮೆಂಟ್ ಎಳೆದಿತ್ತು. ಆಸ್ಪತ್ರೆಯಲ್ಲಿ ನೋಡಿದವರು ಚೀಟಿ ಬರೆಯುತ್ತಾ, 'ಈ ವಯಸ್ಸಲ್ಲಿ ಬೆಟ್ಟ ಗಿಟ್ಟ ಯಾಕಮ್ಮಾ, ಮನೇಲಿರಿ' ಅಂದರು. ತಲೆ ಎತ್ತಿ ನೋಡಲೂ ಇಲ್ಲ. ಕಾಲಿನ ನೋವಿಗಿಂತ ಆ ಮಾತು ಹೆಚ್ಚು ನೋಯಿಸಿತು. ಅಮ್ಮನಿಗೂ ಯಾರೋ ಹೀಗೇ ಹೇಳಿರಬೇಕು.

ಬ್ಯಾಂಡೇಜು ಬಿಚ್ಚಿದ ಮೇಲೆ ಯಜಮಾನರು ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹತ್ತುವುದನ್ನು ಬಿಟ್ಟು ಅವಳು ಕೇಳಿದ್ದು, 'ಹೇಗೆ ಇಳೀತೀರಾ, ತೋರಿಸಿ' ಅಂತ. ಅಲ್ಲಿದ್ದ ಪುಟ್ಟ ಮಣೆ ಮೇಲಿಂದ ಇಳಿದು ತೋರಿಸಿದೆ. 'ನೀವು ಇಳೀತಿಲ್ಲ, ಬೀಳ್ತಿದೀರ' ಅಂದಳು. ಹತ್ತುವಾಗ ದಣಿಯುವುದು ಎದೆ, ಇಳಿಯುವಾಗ ಭಾರ ಹೊರುವುದು ತೊಡೆ. ತೊಡೆಯ ಮುಂಭಾಗದ ಸ್ನಾಯು ಭಾರ ಹಿಡಿದುಕೊಂಡೇ ಉದ್ದವಾಗಬೇಕು. ಅದಕ್ಕೆ ಬಲ ಇಲ್ಲದಿದ್ದರೆ ಪೆಟ್ಟೆಲ್ಲ ಮಂಡಿಗೆ ಹೋಗುತ್ತದೆ. ಐವತ್ತೆಂಟು ಸಲ ಹತ್ತಿದ ಹೆಮ್ಮೆಯಲ್ಲಿ ನಾನು ಗಮನಿಸದೇ ಹೋಗಿದ್ದು ಇದನ್ನೇ.

ಆರು ವಾರ ಕ್ಯಾಲೆಂಡರಿನಲ್ಲಿ ಬೊಟ್ಟಿಲ್ಲ. ಆ ಆರು ವಾರ ಮನೆಯಲ್ಲೇ ಕೆಲಸ ನಡೆಯಿತು. ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಿಲ್ಲದೆ ಕುರ್ಚಿಯಲ್ಲಿ ಕೂತ ಹಾಗೆ ನಿಲ್ಲುವುದು. ಮೊದಲು ಹತ್ತು ಸೆಕೆಂಡು, ಕೊನೆಗೆ ಒಂದು ನಿಮಿಷ. ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಒಂದು ಕಾಲಲ್ಲಿ ನಿಂತು, ಇನ್ನೊಂದು ಕಾಲಿನ ಹಿಮ್ಮಡಿಯನ್ನು ಮೂರು ಎಣಿಸುವಷ್ಟು ನಿಧಾನವಾಗಿ ನೆಲಕ್ಕೆ ತಾಕಿಸುವುದು. ನೋಡುವವರಿಗೆ ಏನೂ ಅನ್ನಿಸದು, ಮಾಡುವವರಿಗೆ ತೊಡೆ ಉರಿದುಹೋಗುತ್ತದೆ. ಎಣಿಸುತ್ತಿದ್ದದ್ದು ಅಮ್ಮ. ಒಂದು ದಿನ ನೋಡಿದರೆ ತಾನೂ ಕುರ್ಚಿಯಲ್ಲೇ ಕೂತು ಒಂದೊಂದೇ ಕಾಲನ್ನು ನೆಟ್ಟಗೆ ಮುಂದಕ್ಕೆ ಚಾಚಿ ಹಿಡಿಯುತ್ತಿದ್ದಾಳೆ. ನಾನು ಏನೂ ಹೇಳಲಿಲ್ಲ. ಈಗ ಅವಳು ದಿನಾ ಮಾಡುತ್ತಾಳೆ.

ದಸರಾ ಶುರುವಾಗಿ ಮೂರನೇ ದಿನ, ಅಕ್ಟೋಬರ್ 5ಕ್ಕೆ, ಮತ್ತೆ ಪಾದಕ್ಕೆ ಹೋದೆ. ಹದಿನೈದು ವಾರ, ನಲವತ್ತೆರಡು ಸಲ. ವಾರಕ್ಕೆ ಮೂರು ಆಗಲೇಬೇಕು. ಇಳಿಯಲು ಮೊದಲ ಒಂದು ತಿಂಗಳು ಬಸ್ಸು. ನನ್ನ ಲೆಕ್ಕ ಹತ್ತಿದ್ದಕ್ಕೆ ಮಾತ್ರ, ಆದ್ದರಿಂದ ಅದರಲ್ಲಿ ಮೋಸವೇನೂ ಇಲ್ಲ. ನವೆಂಬರ್‌ನಿಂದ ಸ್ವಲ್ಪ ಸ್ವಲ್ಪ ಇಳಿಯತೊಡಗಿದೆ, ಹಿಮ್ಮಡಿ ಸದ್ದಾಗದಂತೆ. ಡಿಸೆಂಬರಿನ ಒಂದು ದಿನ 31 ನಿಮಿಷದಲ್ಲಿ ಹತ್ತಿದೆ. ಆ ತಿಂಗಳು ರಕ್ತ ಪರೀಕ್ಷೆಯಲ್ಲಿ 5.6 ಬಂತು. ರಾತ್ರಿ ಅನ್ನ ಬಿಟ್ಟು ಮುದ್ದೆ ಹುರುಳಿ ಸಾರಿಗೆ ಬಂದಿದ್ದರ ಪಾಲೂ ಅದರಲ್ಲಿದೆ. ತೂಕ ಇಳಿದಿದ್ದು ನಾಲ್ಕೇ ಕೆಜಿ. ಬಹಳ ಜನ ಮೊದಲು ಅದನ್ನೇ ಕೇಳುತ್ತಾರೆ. ನನಗೆ ಅದರ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ.

ಇವತ್ತಿನ ವಿಷಯಕ್ಕೆ ಬರುತ್ತೇನೆ. ನಿನ್ನೆ ರಾತ್ರಿ ಅಮ್ಮ ಒಂದು ಪುಟ್ಟ ಪೊಟ್ಟಣ ಕೈಗಿಟ್ಟಳು. ಅರಿಶಿನ ಕುಂಕುಮ. 'ಎಲ್ಲಾ ಮೆಟ್ಟಿಲಿಗೂ ಬೇಡ. ಮೊದಲನೇದಕ್ಕೊಂದು, ಕೊನೇದಕ್ಕೊಂದು' ಅಂದಳು. ಶೂ ಹಾಕದೆ ಬರಿಗಾಲಲ್ಲೇ ಹೋಗಬೇಕು ಅಂತ ಆಗಲೇ ಅನ್ನಿಸಿತು.

ಮಾಗಿ ಚಳಿ. ಆರು ಇಪ್ಪತ್ತಕ್ಕೆ ಮೊದಲ ಮೆಟ್ಟಿಲಿಗೆ ಬಗ್ಗಿದಾಗ ಕಲ್ಲು ಐಸಿನ ಹಾಗಿತ್ತು. ಇಷ್ಟು ದಿನ ಶೂ ಹಾಕಿ ಹತ್ತಿದ್ದಕ್ಕೆ ತಿಳಿಯದೇ ಹೋಗಿದ್ದು ಅಂಗಾಲಿಗೆ ತಿಳಿಯಿತು: ಮೆಟ್ಟಿಲ ನಡುವೆ ಕಲ್ಲು ಸವೆದು ನುಣ್ಣಗೆ ಬಟ್ಟಲಿನಂತೆ ತಗ್ಗಾಗಿದೆ, ಅಂಚು ಮಾತ್ರ ಇನ್ನೂ ಒರಟು. ಎಷ್ಟು ಜನರ ಕಾಲೋ. ಅಮ್ಮನ ಕಾಲೂ ಅಲ್ಲೇ ಬಿದ್ದಿದೆ. ಬರಿಗಾಲಾದ್ದರಿಂದ ಅವಸರ ಮಾಡಲಿಲ್ಲ. ನಂದಿಯ ಹತ್ತಿರ ಬಂದಾಗ ಬೆಳಕು ಹರಿದು ಕೆಳಗೆ ಊರೆಲ್ಲ ಮಂಜಿನಲ್ಲಿತ್ತು, ಲಲಿತಮಹಲಿನ ಬಿಳಿ ಗುಮ್ಮಟ ಮಾತ್ರ ಮಂಜಿನಿಂದ ಎದ್ದು ನಿಂತಿತ್ತು. ನಂದಿಯ ಕೊರಳ ಗಂಟೆಸರವನ್ನು ನೋಡುತ್ತಾ ಎರಡು ನಿಮಿಷ ಕೂತೆ. ದಣಿವಿರಲಿಲ್ಲ. ಮನೆಗೆ ಹೋದಾಗ ಕೂತೆ ಅಂತ ಹೇಳಬೇಕಲ್ಲ, ಅದಕ್ಕೆ.

ಕೊನೇ ಮೆಟ್ಟಿಲಿಗೆ ಮೂರು ಬೆರಳಿನಿಂದ ಅರಿಶಿನ ಎಳೆದು ಕುಂಕುಮ ಇಟ್ಟೆ. ಕೈಮುಗಿಯುವಾಗ ಕಣ್ಣು ತುಂಬಿತು. ಪಕ್ಕದಲ್ಲಿ ಹತ್ತುತ್ತಿದ್ದವರೊಬ್ಬರು 'ಹರಕೇನಾಮ್ಮಾ?' ಅಂದರು. ಹೂಂ ಅಂದೆ. ದರ್ಶನ ಮುಗಿಸಿ, 201 ನಂಬರ್ ಬಸ್ಸಿನಲ್ಲಿ ಕಾಲು ನೀವಿಕೊಳ್ಳುತ್ತಾ ಇಳಿದು ಬಂದೆ. ಆಫೀಸಿಗೆ ರಜ ಹಾಕಿದ್ದೆ. ಅಮ್ಮ ಬೊಟ್ಟಿಟ್ಟಳು. ಹಳೇ ಕ್ಯಾಲೆಂಡರನ್ನೂ ತರಿಸಿಕೊಂಡು ಜನವರಿಯಿಂದ ಒಂದೊಂದೇ ಹಾಳೆ ತಿರುವಿ, ಎರಡೂ ಸೇರಿಸಿ ಎಣಿಸಿದಳು. ಸೆಪ್ಟೆಂಬರಿನ ಖಾಲಿ ಹಾಳೆಯ ಮೇಲೆ ಒಂದು ಗಳಿಗೆ ಕೈ ಆಡಿಸಿ ಮುಂದಕ್ಕೆ ತಿರುವಿದಳು. ನೂರು ಸರಿಯಾಗಿತ್ತು.

ಸಂಜೆ ನಾಳೆಯ ಅಡುಗೆಗೆ ಅವರೆಕಾಯಿ ಬಿಡಿಸಲು ಕೂತೆವು. ಮಗ ಬೆಂಗಳೂರಿಂದ ಬರುತ್ತಿದ್ದಾನೆ, ಅವನಿಗೆ ಹಿತಕಿದ ಬೇಳೆ ಸಾರೇ ಆಗಬೇಕು. ಅಮ್ಮ ಕುರ್ಚಿಯಲ್ಲಿ ಮಡಿಲ ಮೇಲೆ ಮೊರ ಇಟ್ಟುಕೊಂಡು, ನಾನು ಅವಳ ಕಾಲ ಹತ್ತಿರ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು. ಬೆರಳಿಗೆಲ್ಲ ಸೊಗಡಿನ ವಾಸನೆ. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕುವ ಸದ್ದಾಯಿತು. ಕಾಳು ತುಂಬಿದ ಪಾತ್ರೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡೇ ಎದ್ದು ಓಡಿ ಒಲೆ ಆರಿಸಿದೆ.

ತಿರುಗಿ ಬಂದರೆ ಅಮ್ಮ ಕಾಯಿ ಬಿಡಿಸುವುದನ್ನು ನಿಲ್ಲಿಸಿ ನಾನು ಕೂತಿದ್ದ ಜಾಗವನ್ನೇ ನೋಡುತ್ತಿದ್ದಳು.

'ಕೈ ಊರ್ಲೇ ಇಲ್ಲವಲ್ಲೇ ನೀನು' ಅಂದಳು.